ದರ್ಜಿಯ ತಪ್ಪೊಪ್ಪಿಗೆ

ಪ್ರತಿ ಭಾನುವಾರ ಮಧ್ಯಾಹ್ನ ಎರಡಕ್ಕೆ ದರ್ಜಿಯು ಹೊಲಿಗೆ ಯಂತ್ರಕ್ಕೆ ಮುಸುಕು ಹೊದಿಸಿ, ಕೊರಳಲ್ಲಿ ಜೋತಾಡುತ್ತಿದ್ದ ಟೇಪನ್ನು ಮೊಳೆಗೆ ಸಿಕ್ಕಿಸಿ, ಶರ್ಟಿಗೆ ಅಂಟಿದ ನೂಲಿನ ಚೂರುಗಳನ್ನು ಒಂದೊಂದಾಗಿ ಆಯ್ದು ತೆಗೆದು, ಯುದ್ಧಕ್ಕೆ ಹೊರಡುತ್ತಿದ್ದ. ಮೂಲೆಯಲ್ಲಿ ಕೂತು ಅಂಗಿಯ ಗುಂಡಿಗಳಿಗೆ ಕಾಜಾ ಹಾಕುತ್ತಿದ್ದ ಹೆಂಡತಿ ತಲೆ ಎತ್ತದೆಯೇ ಕೇಳುತ್ತಿದ್ದಳು: "ಇವತ್ತು ಎಷ್ಟು ಹೊತ್ತಿಗೆ ಸೋತು ಬರ್ತೀರಿ? ಆರು ಗಂಟೆಗೆ ಟ್ರಯಲ್ ನೋಡೋಕೆ ಗಿರಾಕಿ ಬರ್ತಾರೆ."

"ಐದೂವರೆಗೆ ಬಂದ್ಬಿಡ್ತೀನಿ," ಎನ್ನುತ್ತಿದ್ದ ದರ್ಜಿ. ಸುಳ್ಳು ಹೇಳುವ ಕಲೆ ಅವನಿಗೆ ಒಲಿದಿರಲಿಲ್ಲ.

ಯುದ್ಧಭೂಮಿಯೆಂದರೆ ಮುಂದಿನ ಬೀದಿಯ ಸ್ಟೇಷನರಿ ಅಂಗಡಿಯ ಮೇಲಿನ ಕೋಣೆ. ಎಂಟು ಮಡಚುವ ಮೇಜುಗಳು, ಹದಿನಾರು ಪ್ಲಾಸ್ಟಿಕ್ ಕುರ್ಚಿಗಳು, ತಿರುಗುವುದಕ್ಕಿಂತ ನರಳುವುದೇ ಹೆಚ್ಚಾಗಿದ್ದ ಒಂದು ಫ್ಯಾನು, ಗೋಡೆಯ ಮೇಲೊಂದು ಹಸಿರು ಬೋರ್ಡು. ವಾರದ ಆರು ದಿನ ಸಭ್ಯರಾಗಿ ಬಾಳುವ ಹದಿನಾರು ಮಂದಿ ಏಳನೆಯ ದಿನ ಅಲ್ಲಿ ಸೇರಿ ಪರಸ್ಪರರ ಕೋಟೆಗಳನ್ನು ಸುಟ್ಟು ಬೂದಿ ಮಾಡುತ್ತಿದ್ದರು. ಆಟದ ನಿಯಮ ಸರಳ: ಪ್ರತಿಯೊಬ್ಬನೂ ತನ್ನದೇ ನಲವತ್ತು ಕಾರ್ಡುಗಳ ಕಟ್ಟನ್ನು, ಒಂದೊಂದಕ್ಕೂ ಪ್ಲಾಸ್ಟಿಕ್ ಕವರು ಹಾಕಿ, ತರಬೇಕು, ಕಾರ್ಡುಗಳಲ್ಲಿ ರಾಕ್ಷಸರು, ಸೈನಿಕರು, ಸಿಡಿಲು, ಬಿರುಗಾಳಿ, ಎದುರಾಳಿಯ ಕೋಟೆಯನ್ನು ಮೊದಲು ಉರುಳಿಸಿದವನು ಗೆದ್ದ. ನಾಲ್ಕು ಸುತ್ತು ಗೆದ್ದವನ ಹೆಸರು ಬೋರ್ಡಿನ ಮೇಲೆ ಒಂದು ವಾರ ಸೀಮೆಸುಣ್ಣದಲ್ಲಿ ಬೆಳಗುತ್ತಿತ್ತು.

ದರ್ಜಿ ಮೂರು ವರ್ಷದಲ್ಲಿ ಗೆದ್ದದ್ದು ಎರಡೇ ಆಟ. ಒಂದರಲ್ಲಿ ಎದುರಾಳಿಗೆ ಹಲ್ಲುನೋವು ಕಾಣಿಸಿಕೊಂಡು ನಡುವೆಯೇ ಎದ್ದುಹೋಗಿದ್ದ. ಇನ್ನೊಂದರಲ್ಲಿ ಎದುರಾಳಿ ಬಂದೇ ಇರಲಿಲ್ಲ.

ಸೋಲು ಅವನನ್ನು ಅಷ್ಟಾಗಿ ಕಾಡುತ್ತಿರಲಿಲ್ಲ. ಅವನ ಹೊಟ್ಟೆ ಉರಿಸುತ್ತಿದ್ದದ್ದು ಬೇರೆ. ಯಾರ ಎದುರು ಯಾರು ಎಂಬ ಪಟ್ಟಿ ಗೋಡೆಗೇರುತ್ತಲೇ, ತಮ್ಮ ಪಾಲಿಗೆ ದರ್ಜಿ ಬಂದಿದ್ದಾನೆಂದು ತಿಳಿದವರ ಮುಖದಲ್ಲಿ ಒಂದು ನೆಮ್ಮದಿ ಹರಡುತ್ತಿತ್ತು. ಅವರು ಕಾಲು ಚಾಚಿ ಕೂರುತ್ತಿದ್ದರು. ಚಹಾ ತರಿಸುತ್ತಿದ್ದರು. ಒಬ್ಬನಂತೂ ಅವನೊಂದಿಗೆ ಆಡುತ್ತಲೇ ಫೋನಿನಲ್ಲಿ ಮನೆಯ ಗ್ಯಾಸ್ ಸಿಲಿಂಡರ್ ಬುಕ್ ಮಾಡಿ, ಆಟವನ್ನೂ ಗೆದ್ದಿದ್ದ. ಬದುಕಿನಲ್ಲಿ ಒಂದೇ ಒಂದು ಸಲ, ಯಾರಾದರೂ ಒಬ್ಬರು ತನ್ನ ಎದುರು ಕೂರುವಾಗ ಉಗುಳು ನುಂಗಬೇಕು: ದರ್ಜಿಯ ಆಸೆ ಇಷ್ಟೇ.

ಆ ಭಾನುವಾರ ಅವನ ಎದುರು ಬಿದ್ದವನು ಪುಸ್ತಕಗಳಿಗೆ ಬೈಂಡಿಂಗ್ ಮಾಡುವ ಬೈಂಡರ್. ಆಟ ಶುರುವಾಗುವ ಮೊದಲು ಎದುರಾಳಿಯ ಕಟ್ಟನ್ನು ಎರಡು ಭಾಗ ಮಾಡಿ, ಮೇಲಿನದನ್ನು ಕೆಳಗಿಟ್ಟು ಕೊಡುವುದು ಪದ್ಧತಿ. ಬೈಂಡರ್ ದರ್ಜಿಯ ಕಟ್ಟನ್ನು ಕೈಗೆತ್ತಿಕೊಂಡ. ಅವನ ಹೆಬ್ಬೆರಳು ಅಂಚಿನ ಮೇಲೆ ಸರಿಯಿತು, ನಿಂತಿತು, ಹಿಂದಕ್ಕೆ ಬಂದು ಮತ್ತೊಮ್ಮೆ ಸವರಿತು. ಇಪ್ಪತ್ತು ವರ್ಷ ಕಾಗದದ ಅಂಚುಗಳನ್ನೇ ತಡವಿದ ಬೆರಳು ಅದು.

"ಮೇಡಂ," ಎಂದು ಅವನು ಕೈ ಎತ್ತಿದ. "ಸ್ವಲ್ಪ ಬನ್ನಿ ಇಲ್ಲಿ."

ತೀರ್ಪು ಹೇಳುತ್ತಿದ್ದದ್ದು ಲ್ಯಾಬ್ ಮೇಡಂ. ವಾರವಿಡೀ ಪರರ ರಕ್ತದಲ್ಲಿ ರೋಗ ಹುಡುಕುವ ಆಕೆ, ಭಾನುವಾರ ಪರರ ಕಾರ್ಡುಗಳಲ್ಲಿ ಪಾಪ ಹುಡುಕುತ್ತಿದ್ದರು. ಪರ್ಸಿನಿಂದ ಭೂತಗನ್ನಡಿ ತೆಗೆದು, ದರ್ಜಿಯ ನಲವತ್ತು ಕಾರ್ಡುಗಳನ್ನೂ ಬೆಳಕಿಗೆ ಹಿಡಿದರು. ಆಕೆ ಐದು ಕಾರ್ಡುಗಳನ್ನು ಬೇರೆ ಇಟ್ಟರು.

"ಈ ಐದರ ಪ್ಲಾಸ್ಟಿಕ್ ಕವರಿನ ಅಂಚಲ್ಲಿ ಉಗುರಿನ ಗೆರೆ ಇದೆ," ಎಂದರು. "ಮಿಕ್ಕ ಮೂವತ್ತೈದರಲ್ಲಿ ಇಲ್ಲ. ಟೈಲರ್ರೇ, ಈ ಐದೇ ನಿಮ್ಮ ಕಟ್ಟಿನ ಅತಿ ಬಲವಾದ ಕಾರ್ಡುಗಳು. ಗುರುತು ಮಾಡಿಕೊಂಡರೆ ಮುಂದೆ ಯಾವುದು ಬರುತ್ತೆ ಅಂತ ಬೆನ್ನು ನೋಡೇ ಹೇಳಬಹುದು. ಇದಕ್ಕೆ ಮೂರು ತಿಂಗಳು ನಿಷೇಧ. ಏನಂತೀರಿ?"

ಆ ಗೆರೆಗಳನ್ನು ದರ್ಜಿ ನೋಡಿಯೇ ಇರಲಿಲ್ಲ. ಅಷ್ಟರಲ್ಲಿ ಹಿಂದಿನ ಮೇಜಿನಿಂದ ಭಾವ ಧಾವಿಸಿ ಬಂದ. ಅಕ್ಕನ ಗಂಡ, ಬಸ್ ಡ್ರೈವರ್, ಎಲ್ಲಿ ಮಾತಾಡಿದರೂ ಕೊನೆಯ ಸೀಟಿನವರೆಗೆ ಕೇಳಿಸುವ ಗಂಟಲು.

"ಮೇಡಂ, ನನ್ನ ಮಾತು ಕೇಳಿ. ಇವನು ಮೋಸ ಮಾಡೋನಲ್ಲ. ಮೋಸ ಮಾಡೋಕೆ ತಲೆ ಬೇಕು."

"ಹೌದು ಮೇಡಂ," ಎಂದು ಕಂಪೌಂಡರ್ ದನಿಗೂಡಿಸಿದ. ಒಂದನೇ ತರಗತಿಯಿಂದ ದರ್ಜಿಯ ಪಕ್ಕದಲ್ಲಿ ಕೂತ ಗೆಳೆಯ ಆತ. "ಅದು ಇವನ ಕಸುಬಿನ ಚಾಳಿ. ಬಟ್ಟೆ ಮಡಿಸಿ ಉಗುರಲ್ಲಿ ಗೆರೆ ಎಳೀತಾರಲ್ಲ, ಹಾಗೆ. ಒಳ್ಳೇ ಕಾರ್ಡು ಕೈಗೆ ಬಂತು ಅಂದ್ರೆ ಇವನು ಆಡೋದೇ ಇಲ್ಲ. ಇನ್ನೂ ಒಳ್ಳೇ ಸಮಯ ಬರಲಿ ಅಂತ ಅಂಚು ಕೆರೀತಾ ಕೂತಿರ್ತಾನೆ. ಅಷ್ಟರಲ್ಲಿ ಕೋಟೆ ಬಿದ್ದಿರುತ್ತೆ. 'ಕಡೆಯ ಬಿರುಗಾಳಿ' ಅಂತ ಒಂದು ಕಾರ್ಡಿದೆ ನೋಡಿ, ಮೇಜಿನ ಮೇಲಿರೋದನ್ನೆಲ್ಲ ಗುಡಿಸಿ ಹಾಕುತ್ತೆ. ಮೂರು ವರ್ಷದಿಂದ ಅದು ಇವನ ಕೈ ಬಿಟ್ಟು ಕೆಳಗಿಳಿದಿಲ್ಲ."

"ಮದುವೆಗೆ ಅಂತ ತಾನೇ ಒಂದು ಕೋಟು ಹೊಲ್ಕೊಂಡ," ಭಾವ ಸಾಕ್ಷ್ಯವನ್ನು ಗಟ್ಟಿಗೊಳಿಸಿದ. "ಎಂಥಾ ಕೋಟು! ಅದಕ್ಕಿಂತ ದೊಡ್ಡ ಸಂದರ್ಭ ಬರಬಹುದು ಅಂತ ಮದುವೆಗೂ ಹಾಕಲಿಲ್ಲ. ಈಗ ಹೊಟ್ಟೆ ಬಂದಿದೆ, ಗುಂಡಿ ಬೀಳಲ್ಲ."

ಸುತ್ತ ನಗು ಎದ್ದಿತು. ಆಮೇಲೆ ಸಾಕ್ಷಿಗಳ ಸುರಿಮಳೆ. ತನ್ನ ರಾಕ್ಷಸನಿಂದ ತನ್ನದೇ ಕೋಟೆಗೆ ಏಟು ಕೊಟ್ಟ ದರ್ಜಿಯನ್ನು ಒಬ್ಬ ಕಣ್ಣಾರೆ ಕಂಡಿದ್ದ. ಗೆದ್ದ ಆಟವನ್ನು ಸೋತೆನೆಂದುಕೊಂಡು ಎದುರಾಳಿಯ ಕೈ ಕುಲುಕಿ ಹೊರಟುಹೋದ ದರ್ಜಿಯನ್ನು ಇನ್ನೊಬ್ಬ ಬಲ್ಲ. ದೂರು ಕೊಟ್ಟ ಬೈಂಡರನೇ ಮೆತ್ತಗಾಗಿ, "ಅದೂ ನಿಜ ಮೇಡಂ, ಇವರ ಹತ್ರ ಆಡೋ ದಿನ ನಾನು ಕನ್ನಡಕನೂ ತರಲ್ಲ," ಎಂದ. ಮೇಡಂ ಫಲಿತಾಂಶದ ರಿಜಿಸ್ಟರ್ ತೆರೆದು ಹಾಳೆ ತಿರುವಿದರು. ಸೋಲು, ಸೋಲು, ಸೋಲು, ಹಲ್ಲುನೋವು, ಸೋಲು. ಆಕೆಯ ಮುಖದ ಬಿಗುಪು ಸಡಿಲಗೊಂಡು ಆ ಜಾಗದಲ್ಲಿ ಕರುಣೆ ಮೂಡಿತು. ವರದಿಯಲ್ಲಿ ರೋಗವಿಲ್ಲವೆಂದು ತಿಳಿಸುವಾಗ ಬಳಸುವಂಥ ಕರುಣೆ.

"ಸರಿ," ಎಂದರು. "ಇಷ್ಟು ಸೋಲೋರು ಮೋಸ ಮಾಡಿರೋಕೆ ಸಾಧ್ಯ ಇಲ್ಲ. ಕವರು ಬದಲಾಯಿಸಿ ಆಟ ಮುಂದುವರಿಸಿ."

ಬಿಡುಗಡೆಯಾದ ಮನುಷ್ಯ ಸಂತೋಷಪಡಬೇಕು. ದರ್ಜಿಯ ಕಿವಿಗಳು ಮಾತ್ರ ಕಾದ ಇಸ್ತ್ರಿಪೆಟ್ಟಿಗೆಯಂತೆ ಉರಿಯುತ್ತಿದ್ದವು. ತನ್ನನ್ನು ಕಾಪಾಡಲು ಬಂದವರೆಲ್ಲ ಸೇರಿ, ತಾನು ಮೂರು ವರ್ಷ ಗುಟ್ಟಾಗಿ ಅನುಭವಿಸಿದ ಅವಮಾನವನ್ನು ಮೂರು ನಿಮಿಷದಲ್ಲಿ ಸಭೆಯೆದುರು ಹರವಿದ್ದರು. ಬೈಂಡರ್ ಆಗಲೇ ಕಾಲು ಚಾಚಿದ್ದ. ಚಹಾಕ್ಕೂ ಸನ್ನೆ ಮಾಡಿದ್ದ.

ದರ್ಜಿ ಎದ್ದು ನಿಂತ. "ನಾನು ಮೋಸ ಮಾಡಿದೀನಿ, ಮೇಡಂ."

"ಏ, ಕೂತ್ಕೊಳ್ಳೋ!" ಎಂದ ಭಾವ. "ಜ್ವರ ಗಿರ ಬಂದಿದ್ಯಾ?" ಕಂಪೌಂಡರ್ ಅವನ ಹಣೆಯ ಮೇಲೆ ಅಂಗೈ ಇಟ್ಟು ನೋಡಿದ, ಬಿಸಿ ಇದ್ದದ್ದು ಕಿವಿಯಲ್ಲಿ.

"ಮೋಸ ಮಾಡಿದ ಮೇಲೂ ಸೋತ್ರಾ?" ಮೇಡಂ ಕೇಳಿದರು.

"ಸೋಲ್ತಾ ಇದ್ರೆ ತಾನೇ ಯಾರಿಗೂ ಅನುಮಾನ ಬರಲ್ಲ?"

"ಮತ್ತೆ ಗೆಲ್ಲೋದು ಯಾವಾಗ?"

"ಸಮಯ ಬಂದಾಗ," ಎಂದ ದರ್ಜಿ. ಆ ಮಾತು ತನ್ನ ಬಾಯಿಂದ ಬಂದ ರೀತಿಗೆ ಅವನೇ ಒಂದು ಕ್ಷಣ ಬೆರಗಾದ.

ಮೇಡಂ ನಲವತ್ತೂ ಕಾರ್ಡುಗಳನ್ನು ಕಲಸಿ, ಬೆನ್ನು ಮೇಲಾಗಿ ಮೇಜಿನ ತುಂಬ ಹರಡಿದರು. "ಹಾಗಾದ್ರೆ ಬಿರುಗಾಳಿ ತೆಗೀರಿ ನೋಡೋಣ."

ದರ್ಜಿ ಬಗ್ಗಿದ. ತನ್ನ ಪಾಪದ ಗುರುತುಗಳನ್ನು ಅವನು ನೋಡುತ್ತಿದ್ದದ್ದು ಅದೇ ಮೊದಲು. ಒಂದು ಕಾರ್ಡಿಗೆ ಮೂರು ಗೆರೆ, ಇನ್ನೊಂದಕ್ಕೆ ಐದು. ದೂರದ ಮೂಲೆಯಲ್ಲೊಂದು ಕಾರ್ಡು ಮಾತ್ರ ಅಂಚಿನುದ್ದಕ್ಕೂ ಗೀರುಗೀರಾಗಿ, ಶಾಲೆಯ ಅಡಿಪಟ್ಟಿಯಂತೆ ಕಾಣುತ್ತಿತ್ತು. ಈಗ ಬೇಡ, ಮುಂದಿನ ಸರದಿಗೆ ನೋಡೋಣ ಎಂದು ತಾನು ತಡೆದು ಕೂತ ಒಂದೊಂದು ಗಳಿಗೆಯೂ ಅಲ್ಲಿ ದಾಖಲಾಗಿತ್ತು. ಎಣಿಸುವುದು ಬೇಡವೆನಿಸಿ ಅವನು ಆ ಕಾರ್ಡನ್ನು ಎತ್ತಿ, ಮೇಜು ಅಲುಗುವಂತೆ ಕುಕ್ಕಿದ.

ಕಡೆಯ ಬಿರುಗಾಳಿ! ಕೋಣೆ "ಓ!" ಎಂದಿತು. ಯಾರೋ ಚಪ್ಪಾಳೆ ತಟ್ಟಿ, ತಪ್ಪಿನ ಅರಿವಾಗಿ ಕೈಗಳನ್ನು ಜೇಬಿಗೆ ಸೇರಿಸಿಕೊಂಡರು. ಮೇಡಂ ಬೋರ್ಡಿಗೆ ನಡೆದು ಬರೆದರು: 'ನಿಷೇಧ: ಟೈಲರ್. ಮೂರು ತಿಂಗಳು.' ಗೆದ್ದವರ ಹೆಸರು ಒಂದು ವಾರಕ್ಕೆ ಅಳಿಸಿಹೋಗುವ ಆ ಬೋರ್ಡಿನಲ್ಲಿ ದರ್ಜಿ ಹದಿಮೂರು ವಾರ ಅಚ್ಚಳಿಯದೆ ನಿಂತ.

ಆ ಹದಿಮೂರು ವಾರ ಅವನ ಬಾಳಿನ ಸುವರ್ಣಕಾಲ. ಗಟ್ಟಿಯಾಗಿಯೇ ಇದ್ದ ಗುಂಡಿಗಳನ್ನು ಹೊಲಿಸುವ ನೆಪದಲ್ಲಿ ಆಟಗಾರರು ಅಂಗಡಿಗೆ ಬಂದು, ಅತ್ತಿತ್ತ ನೋಡಿ, "ಯಾವ ಬೆರಳಿನ ಉಗುರು?" ಎಂದು ಪಿಸುಗುಟ್ಟುತ್ತಿದ್ದರು. ದರ್ಜಿ ಸೂಜಿಗೆ ದಾರ ಪೋಣಿಸುತ್ತ, "ಅದೆಲ್ಲ ಈಗ ಯಾಕೆ ಬಿಡಿ," ಎನ್ನುತ್ತಿದ್ದ. ಅವರು ಅದರಲ್ಲೂ ಒಂದು ಸೂಚನೆಯನ್ನು ಕಂಡು ತಲೆದೂಗುತ್ತಿದ್ದರು. ಹಳೆಯ ಸೋಲುಗಳಿಗೆಲ್ಲ ಹೊಸ ಅರ್ಥ ಹುಟ್ಟಿತು. ಅಂದು ತನ್ನ ಕೋಟೆಗೆ ತಾನೇ ಹೊಡೆದದ್ದು ನಮ್ಮನ್ನು ಮೈಮರೆಸಲು. ಅಂದು ಕೈ ಕುಲುಕಿ ಎದ್ದುಹೋದದ್ದು? ಅದು ಇನ್ನೂ ಆಳದ ವಿಷಯ. ಸಿಲಿಂಡರ್ ಬುಕ್ ಮಾಡಿದವನು ಕೂಡ ತನ್ನ ಗೆಲುವು ದರ್ಜಿಯೇ ತನಗೆ ದಯಪಾಲಿಸಿದ್ದೆಂದು ನಂಬತೊಡಗಿದ್ದ.

ಭಾವ ಮಾತು ಬಿಟ್ಟಿದ್ದ. ಕಂಪೌಂಡರ್ ಒಮ್ಮೆ ಬಂದು, ಪ್ಯಾಂಟು ಸಣ್ಣ ಮಾಡಲು ಕೊಟ್ಟು, "ಮೂವತ್ತು ವರ್ಷದ ಸ್ನೇಹ. ನನಗಾದ್ರೂ ಒಂದು ಮಾತು ಹೇಳಬಹುದಿತ್ತು," ಎಂದು ಅಳತೆಗೂ ನಿಲ್ಲದೆ ಹೋದ.

ಹೆಂಡತಿ ಮಾತ್ರ ಕಾಜಾದಿಂದ ಕಣ್ಣು ತೆಗೆಯದೆ ಕೇಳಿದಳು: "ನಿಜವಾಗ್ಲೂ ಮೋಸ ಮಾಡಿದ್ರಾ?"

"ಹೂಂ."

"ಸುಮ್ನಿರಿ. ನಾಳೆ ಬಟ್ಟೆ ರೆಡಿ ಅಂತ ಗಿರಾಕಿಗೆ ಹೇಳುವಾಗಲೇ ನಿಮ್ಮ ಕಿವಿ ಕೆಂಪಾಗುತ್ತೆ."

ನಿಷೇಧ ಮುಗಿದ ಭಾನುವಾರ ದರ್ಜಿ ಉಗುರುಗಳನ್ನು ಬುಡಕ್ಕೆ ಕತ್ತರಿಸಿಕೊಂಡು, ಹೊಸ ಕವರು ಹಾಕಿದ ಕಟ್ಟಿನೊಂದಿಗೆ ಮೆಟ್ಟಿಲೇರಿದ. ಪಟ್ಟಿಯಲ್ಲಿ ಮತ್ತೆ ಬೈಂಡರ್. ಈ ಸಲ ಬೈಂಡರ್ ಕನ್ನಡಕ ತಂದಿದ್ದ. ದರ್ಜಿಯ ಕಟ್ಟನ್ನು ಏಳು ಸಲ ಕಲಸಿದ. ಕುರ್ಚಿಯ ತುದಿಯಲ್ಲಿ ಕೂತು, ನಿಜವಾಗಿಯೂ, ಉಗುಳು ನುಂಗಿದ. ಅದನ್ನು ಕಂಡ ದರ್ಜಿಯ ಬೆನ್ನು ತಾನಾಗಿ ನೆಟ್ಟಗಾಯಿತು.

ನಾಲ್ಕನೆಯ ಸರದಿಗೆ ಬಿರುಗಾಳಿ ಕೈಗೆ ಬಂತು. ಹೆಬ್ಬೆರಳು ಹಳೆಯ ದಾರಿ ಹಿಡಿದು ಅಂಚಿಗೆ ಸರಿಯಿತು, ಎಳೆಯಲು ಉಗುರಿರಲಿಲ್ಲ. ಬೈಂಡರನ ಸೈನಿಕರು ಐವರು ಸಾಲಾಗಿ ನಿಂತಿದ್ದರು. ಇನ್ನೊಂದು ಸರದಿ ಕಾದರೆ ಏಳಾಗುತ್ತಾರೆ, ಏಳನ್ನೂ ಒಟ್ಟಿಗೆ ಗುಡಿಸಬಹುದು ಎಂದು ಮನಸ್ಸು ಎಂದಿನಂತೆ ಲೆಕ್ಕ ಹಾಕಿತು. ಆ ಗೀರುಗೀರಾದ ಅಂಚು ಅವನ ಕಣ್ಮುಂದೆ ಬಂತು. ದರ್ಜಿ ಕಾರ್ಡನ್ನು ಮೇಜಿಗಿಟ್ಟ. ಐವರೂ ಮಾಯವಾದರು. ಮುಂದಿನ ಎರಡು ಸರದಿಯಲ್ಲಿ ಅವನ ರಾಕ್ಷಸರು ಬರಿದಾದ ಬಯಲು ದಾಟಿ ಬೈಂಡರನ ಕೋಟೆಯನ್ನು ಉರುಳಿಸಿದರು.

ಗೆದ್ದಿದ್ದ. ಹಲ್ಲುನೋವಿನ ಹಂಗಿಲ್ಲದೆ, ಎದುರಾಳಿ ಎದುರಿಗೇ ಕೂತಿರುವಾಗ, ತನ್ನ ಕೈಯಿಂದ ಗೆದ್ದಿದ್ದ! ದರ್ಜಿ ಹಲ್ಲು ಬಿಟ್ಟು ಸುತ್ತ ನೋಡಿದ. ಎಲ್ಲರ ಕಣ್ಣೂ ಅವನ ಬೆರಳುಗಳ ಮೇಲಿತ್ತು.

"ಹೇಗೆ ಮಾಡಿದ್ರಿ?" ಎಂದ ಬೈಂಡರ್, ಭಕ್ತಿಯಿಂದ.

"ಆಡಿದೆ, ಅಷ್ಟೇ."

"ಅದು ಸರಿ. ಹೇಗೆ ಮಾಡಿದ್ರಿ?"

ದರ್ಜಿ ತಾನೇ ಕೈ ಎತ್ತಿ ಮೇಡಂ ಅವರನ್ನು ಕರೆದ. ಭೂತಗನ್ನಡಿ ಹೊರಬಂತು. ನಲವತ್ತು ಕಾರ್ಡುಗಳೂ ಬೆಳಕಿಗೆ ಬಂದವು, ಒಂದೊಂದು ಅಂಚೂ ಎರಡೆರಡು ಸಲ. ಕಾಲು ಗಂಟೆಯ ಬಳಿಕ ಮೇಡಂ ಭೂತಗನ್ನಡಿ ಕೆಳಗಿಟ್ಟರು. "ಒಂದೂ ಗುರುತಿಲ್ಲ."

"ನೋಡಿದ್ರಾ!" ಎಂದು ದರ್ಜಿ ಕೂಗಿದ.

"ನೋಡಿದ್ವಿ," ಎಂದರು ಯಾರೋ ಹಿಂದಿನಿಂದ. "ಗುರುತೇ ಇಲ್ಲದೆ! ಮೂರು ತಿಂಗಳು ಸುಮ್ನೆ ಕೂತಿರಲಿಲ್ಲ ಈ ಮನುಷ್ಯ."

ಮೇಡಂ ರಿಜಿಸ್ಟರಿನಲ್ಲಿ 'ಗೆಲುವು' ಎಂದು ಪೆನ್ನಿನಲ್ಲಿ ಬರೆದು, ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಒಂದು ಪ್ರಶ್ನೆ ಚಿಹ್ನೆ ಹಾಕಿದರು.

"ಇದೇನು ಮೇಡಂ?"

"ಇರಲಿ ಬಿಡಿ. ಹೇಗೆ ಅಂತ ಗೊತ್ತಾದ ಮೇಲೆ ಅಳಿಸ್ತೀನಿ."

ದರ್ಜಿ ಗಾಬರಿಯಿಂದ ಭಾವನ ಕಡೆ ತಿರುಗಿದ. ಭಾವನ ಪಕ್ಕದಲ್ಲೇ ಕಂಪೌಂಡರ್ ಕೈಕಟ್ಟಿ ನಿಂತಿದ್ದ. "ಭಾವ, ನೀವಾದ್ರೂ ಹೇಳಿ. ಅವತ್ತು ಹೇಳಿದ್ರಲ್ಲ, ನಂಗೆ ಮೋಸ ಮಾಡೋಕೆ ತಲೆ ಇಲ್ಲ ಅಂತ. ಇನ್ನೊಂದು ಸಲ ಹೇಳಿ! ಏ, ನೀನಾದ್ರೂ ಹೇಳೋ!"

ಇಬ್ಬರೂ ಮುಖ ಮುಖ ನೋಡಿಕೊಂಡರು.

"ನಿನ್ನ ಪರವಾಗಿ ಒಂದು ಸಲ ಸಾಕ್ಷಿ ಹೇಳಿ ಊರ ಮುಂದೆ ಪೆದ್ದರಾಗಿದ್ದು ಸಾಕು," ಎಂದ ಭಾವ. ಕಂಪೌಂಡರ್ ಆಗಲೇ ತನ್ನ ಮೇಜಿನತ್ತ ಹೊರಟಿದ್ದ, ಅವನ ಹಿಂದೆಯೇ ಭಾವನೂ ತಿರುಗಿದ. "ಇನ್ನೊಂದು ಸಲ ಆಗಲ್ಲ ಕಣೋ."