ಕುಸಿದ ಒಡಲು

ಹೆಂಡತಿಯ ಹೊಸ ಕೃತಿ ಸಿದ್ಧವಾಯಿತೆಂದರೆ ಹಲ್ಲಿನ ಡಾಕ್ಟರನ ಎದೆ ಡವಡವ ಎನ್ನುತ್ತಿತ್ತು. ಅವಳು ಚಿತ್ರ ಬರೆದು ಗೋಡೆಗೆ ತೂಗುಹಾಕುವವಳಾಗಿದ್ದರೆ ಅವನೂ ಕೈಕಟ್ಟಿ ನಿಂತು ತಲೆದೂಗುತ್ತಿದ್ದ. ಆದರೆ ಅವಳು ಕಟ್ಟುತ್ತಿದ್ದುದು ಜನ ಒಳಹೊಕ್ಕು ನೋಡುವ ಇನ್‌ಸ್ಟಲೇಷನ್‌ಗಳನ್ನು. ಒಮ್ಮೆ ಕತ್ತಲ ಕೋಣೆಯ ತುಂಬ ತೊಟ್ಟಿಕ್ಕುವ ನೀರಿನ ಸದ್ದು. ಇನ್ನೊಮ್ಮೆ ಸೂರಿನಿಂದ ನೆಲದವರೆಗೆ ಇಳಿಬಿಟ್ಟ ಹಳೆಯ ಬೀಗದಕೈಗಳ ಕಾಡು. ಅದರ ನಡುವೆ ನುಸುಳಿ ಹೋಗಬೇಕು. ಪತ್ರಿಕೆಗಳು ಹೊಗಳಿದವು, ದೂರದ ಊರುಗಳಿಂದ ಕರೆ ಬಂತು. ಗಂಡ ಮಾತ್ರ ಪ್ರತಿಸಲವೂ ಬಾಗಿಲವರೆಗೆ ಬಂದು, ಯಾವುದೋ ರೋಗಿಯ ದವಡೆ ಊದಿಕೊಂಡಿದೆಯೆಂದು ಫೋನ್ ಕಿವಿಗಿಟ್ಟುಕೊಂಡು ಜಾಗ ಖಾಲಿ ಮಾಡುತ್ತಿದ್ದ.

ನಿಜ ಸಂಗತಿಯೆಂದರೆ, ಮುಚ್ಚಿದ ಜಾಗದಲ್ಲಿ ಅವನಿಗೆ ಜೀವ ಬಾಯಿಗೆ ಬರುತ್ತಿತ್ತು. ಚಿಕ್ಕವನಿದ್ದಾಗ ಕಣ್ಣಾಮುಚ್ಚಾಲೆ ಆಡುತ್ತ ಬಟ್ಟೆಯ ಬೀರುವಿನೊಳಗೆ ಅವಿತಿದ್ದ. ಬಾಗಿಲು ಸಿಕ್ಕಿಕೊಂಡಿತು. ಮನೆಯವರು ಹುಡುಕಿ ತೆಗೆಯುವಷ್ಟರಲ್ಲಿ ಅತ್ತು ಅತ್ತು ದನಿಯೇ ಹೋಗಿತ್ತು. ಈಗಲೂ ಲಿಫ್ಟ್ ಹತ್ತುತ್ತಿರಲಿಲ್ಲ. ಹೆಂಡತಿಗೆ ಹೇಳಿಕೊಳ್ಳಲು ನಾಚಿಕೆ. ದಿನಬೆಳಗಾದರೆ ಬೇರೆಯವರಿಗೆ ಹೆದರಬೇಡಿ, ಹೆದರಬೇಡಿ ಎನ್ನುವ ಮನುಷ್ಯ ಅವನು.

ಈ ಸಲದ ಕೃತಿಯ ಹೆಸರು ‘ಒಡಲು’. ಮುಚ್ಚಿಹೋಗಿದ್ದ ಗಿರಣಿಯೊಂದರ ಹಜಾರದಲ್ಲಿ, ಕೆಂಪು ಬಟ್ಟೆ ಹೊಲಿದು ಗಾಳಿ ತುಂಬಿ ನಿಲ್ಲಿಸಿದ ಮನೆ. ಕಂಬವಿಲ್ಲ, ತೊಲೆಯಿಲ್ಲ; ಹೊರಗಿಟ್ಟ ದೊಡ್ಡ ಬ್ಲೋವರ್‌ಗಳು ತಳ್ಳುವ ಗಾಳಿಯ ಮೇಲೆಯೇ ಅದು ನಿಂತಿತ್ತು. ಒಳಗೆ ಕರುಳಿನಂತೆ ಸುತ್ತುವ ಓಣಿಗಳು, ಅವು ಸೇರುವಲ್ಲಿ ಗುಮ್ಮಟದಂಥ ಕೋಣೆ. ಎರಡು ತುದಿಗೆ ಎರಡು ಬಾಗಿಲು.

ಮೊದಲ ದಿನ ಮಧ್ಯಾಹ್ನ ಡಾಕ್ಟರ್ ಫೋನಿಗೆ ಕೈಹಾಕುವಷ್ಟರಲ್ಲಿ ಅತ್ತೆ ಅವನ ತೋಳು ಹಿಡಿದರು.

“ಅಳಿಯಂದ್ರೇ, ಇವತ್ತು ಯಾರ ದವಡೆನೂ ಊದಿಕೊಂಡಿಲ್ಲ. ನಡೀರಿ, ನಂಗೆ ಮಂಡಿನೋವು, ಆಸರೆಗೆ ಒಬ್ರು ಬೇಕು.”

ಹೆಂಡತಿ ಬಾಗಿಲ ಪಕ್ಕದಲ್ಲೇ ನಿಂತಿದ್ದಳು. ಅವನನ್ನೇ ನೋಡಿದಳು. ಆ ನೋಟ ತಾಳಲಾರದೆ ಡಾಕ್ಟರ್ ಶೂ ಬಿಚ್ಚಿದ.

ಒಳಗೆ ಎಲ್ಲವೂ ಕೆಂಪು. ಕೈ ಕೆಂಪು, ಅತ್ತೆಯ ನರೆಗೂದಲು ಕೆಂಪು. ನೆಲ ಹೆಜ್ಜೆಹೆಜ್ಜೆಗೂ ತಗ್ಗುತ್ತಿತ್ತು, ಗೋಡೆ ಮುಟ್ಟಿದರೆ ಮೆತ್ತಗೆ ಹಿಂದೆ ಸರಿಯುತ್ತಿತ್ತು. ಎಲ್ಲಿಂದಲೋ ಗುಂಡಿಗೆ ಬಡಿತದಂಥ ಸದ್ದು. ಓಣಿ ತಿರುಗಿತು, ಮತ್ತೆ ತಿರುಗಿತು. ಬಾಗಿಲು ಯಾವ ದಿಕ್ಕಿಗೆ ಉಳಿಯಿತೆಂಬುದೇ ಅವನಿಗೆ ತಿಳಿಯದೆ ಹೋಯಿತು. ಅತ್ತೆಗೆ ಆಸರೆಯಾಗಬೇಕಾದವನೇ ಅವರ ತೋಳಿಗೆ ಜೋತುಬಿದ್ದ.

“ಎಷ್ಟ್ ಚೆನ್ನಾಗಿದೆ ಅಲ್ವಾ?” ಎಂದರು ಅತ್ತೆ. “ನನ್ನ ಮಗಳು ಇದನ್ನೆಲ್ಲ ಎಲ್ಲಿ ಕಲಿತಳೋ! ಒಂದು ದಿಂಬಿನ ಚೀಲ ಹೊಲಿ ಅಂದ್ರೆ ಸೊಟ್ಟಪಟ್ಟ ಹೊಲೀತಿದ್ಲು.”

ಅವನು ಹ್ಞೂಂಗುಟ್ಟಿದ.

ಗುಮ್ಮಟದ ಕೋಣೆಯಲ್ಲಿ ಹತ್ತಾರು ಜನ ತಲೆಯೆತ್ತಿ ನೋಡುತ್ತ ನಿಂತಿದ್ದರು. ಇವರಿಬ್ಬರೂ ಅಲ್ಲಿಗೆ ಬಂದು ಸೇರಿದ್ದಷ್ಟೇ, ಗುಂಡಿಗೆ ಬಡಿತ ನಿಂತಿತು. ಬೆಳಕು ಮಂಕಾಯಿತು. ಅದರ ಜೊತೆಗೇ, ಅದುವರೆಗೆ ಯಾರೂ ಗಮನಿಸದಿದ್ದ ಬ್ಲೋವರ್‌ಗಳ ಗಿರ್ರೆನ್ನುವ ಸದ್ದೂ ಅಡಗಿತು. ಮೇಲೆ ಗುಮ್ಮಟ ಒಮ್ಮೆ ಸುಕ್ಕುಗಟ್ಟಿತು. ಆಮೇಲೆ ಮೆಲ್ಲಗೆ ಕೆಳಗಿಳಿಯತೊಡಗಿತು.

ಜನ ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು. ಇದನ್ನೂ ಕಲೆಯೆಂದೇ ತಿಳಿದರು.

“ವಾಹ್, ಉಸಿರು ಬಿಡ್ತಾ ಇದೆ ನೋಡಿ!” ಎಂದಳು ಒಬ್ಬಳು.

ಬಟ್ಟೆ ಎತ್ತರದವರ ತಲೆ ಮುಟ್ಟಿದಾಗ ನಗು ನಿಂತಿತು. ಓಣಿಗಳ ಬಾಯಿ ಮುಚ್ಚಿಕೊಂಡಾಗ ಮೊದಲ ಚೀರಾಟ ಕೇಳಿಸಿತು.

ಡಾಕ್ಟರನಿಗೆ ಕಾಲು ಕಿತ್ತಿಡಲಾಗಲಿಲ್ಲ. ಬಟ್ಟೆ ನೆತ್ತಿಗೆ, ಹಣೆಗೆ, ಮೂಗಿಗೆ ಅಂಟಿತು. ಹೆಗಲ ಮೇಲೆ ಅದರ ಭಾರ ಬಿತ್ತು. ಎಳೆದ ಉಸಿರು ಗಂಟಲಲ್ಲೇ ಸಿಕ್ಕಿಕೊಂಡಿತು. ಮತ್ತೆ ಅದೇ ಬೀರು, ಅದೇ ಕತ್ತಲೆ.

“ಅಳಿಯಂದ್ರೇ!” ಅತ್ತೆ ಅಂಗಿ ಹಿಡಿದು ಜಗ್ಗಿದರು. “ಕೂತ್ಕೊಳ್ಳಿ ಕೆಳಗೆ. ಮೂಗಿಂದ ಉಸಿರಾಡಿ. ನನ್ನ ಹಲ್ಲು ಕೀಳೋವಾಗ ಭಾರಿ ಹೇಳಿದ್ರಲ್ಲ, ಈಗ ನೀವು ಮಾಡಿ.”

ಅವನು ಕುಕ್ಕರಿಸಿದ. ದೂರದಿಂದ ಬಾಗಿಲು ಕಾಯುವ ಹೆಂಗಸು ಕೂಗುತ್ತಿದ್ದಳು: “ಅಂಬೆಗಾಲಲ್ಲಿ ಬನ್ನಿ! ಈ ಕಡೆ, ನನ್ನ ದನಿ ಕಡೆಗೆ!” ಮಂಡಿನೋವಿನ ಅತ್ತೆ ಮುಂದೆ, ಅವರ ಹಿಮ್ಮಡಿ ಹಿಡಿದುಕೊಂಡು ಡಾಕ್ಟರ್ ಹಿಂದೆ. ಯಾರದೋ ಮೊಣಕೈ ಅವನ ಪಕ್ಕೆಗೆ ಬಡಿಯಿತು, ಯಾರೋ ಅವನ ಕೈಬೆರಳು ತುಳಿದರು. ಬಾಗಿಲ ಬಳಿ ಕೆಲಸದವರು ಮೇಜೊಂದನ್ನು ಒಳಗೆ ತಳ್ಳಿ ಬಟ್ಟೆಯನ್ನು ಎತ್ತಿ ಹಿಡಿದಿದ್ದರು. ಅದರಡಿ ತೂರಿ ಹೊರಬಂದವನೇ ಸಿಮೆಂಟಿನ ನೆಲದ ಮೇಲೆ ಅಂಗಾತ ಬಿದ್ದು ಗಾಳಿ ಎಳೆದುಕೊಂಡ.

ಸ್ವಲ್ಪ ಸುಧಾರಿಸಿಕೊಂಡು, “ಇವಳೆಲ್ಲಿ?” ಎಂದ.

ಬಾಗಿಲ ಹೆಂಗಸಿನ ಮುಖ ಬಿಳಿಚಿಕೊಂಡಿತು. “ಮೇಡಂ ಒಳಗೆ ಹೋದ್ರು ಸರ್. ಕರೆಂಟ್ ಹೋಗಿದ್ದೇ ತಡ, ನಮ್ಮವರು ಒಳಗಿದ್ದಾರೆ ಅಂತ ನೀವು ಹೋದ ಆ ಕಡೆ ಬಾಗಿಲಿಂದಾನೇ ನುಗ್ಗಿದ್ರು. ಆ ಬಾಗಿಲು ಪೂರ್ತಿ ಮುಚ್ಚಿಹೋಗಿದೆ. ಜನರೇಟರ್ ಬೇರೆ ಹತ್ತುತಾ ಇಲ್ಲ.”

ಅವನು ತಿರುಗಿ ನೋಡಿದ. ಹಜಾರದ ಉದ್ದಕ್ಕೂ ಕೆಂಪು ಬಟ್ಟೆ ಬಿದ್ದುಕೊಂಡಿತ್ತು. ಅದರಡಿ ಉಬ್ಬುಗಳು ಹರಿದಾಡುತ್ತ ಬಂದು, ಒಂದೊಂದಾಗಿ ಮನುಷ್ಯರಾಗಿ ಹೊರಬಿದ್ದವು. ಕೊನೆಗೆ ಎಲ್ಲ ಸ್ತಬ್ಧ. ದೂರದಲ್ಲಿ ಒಂದೇ ಒಂದು ಉಬ್ಬು ಉಳಿದಿತ್ತು. ಅದು ಅಲುಗುತ್ತಿರಲಿಲ್ಲ.

ಬೇರೆ ಯಾರಾದರೂ ಹೋಗುತ್ತಾರೇನೋ ಎಂದು ಅವನು ಸುತ್ತ ನೋಡಿದ. ಕೆಲಸದವರು ಮೇಜು ಬಿಡುವಂತಿರಲಿಲ್ಲ. ಉಳಿದವರು ಕೆಮ್ಮುತ್ತ, ಅಳುತ್ತ ಗೋಡೆಗೊರಗಿದ್ದರು. ಧೈರ್ಯ ಬಂತೆಂದಲ್ಲ, ಅವನ ಹಲ್ಲುಗಳು ಕಟಕಟಿಸುತ್ತಿದ್ದವು.

“ಅತ್ತೆ, ನೀವು ಕೂಗ್ತಾನೇ ಇರಿ. ನಿಲ್ಲಿಸ್ಬೇಡಿ.”

“ಏನಂತ ಕೂಗ್ಲಿ?”

“ಏನಾದ್ರೂ. ನನ್ನ ಬಯ್ಯಿರಿ.”

ಮತ್ತೆ ಒಳಗೆ ನುಸುಳಿದ. ಈ ಸಲ ಬಟ್ಟೆ ಬೆನ್ನಿಗೇ ಒತ್ತಿಕೊಂಡಿತ್ತು. ಮೊಣಕೈಯಿಂದ ಅದನ್ನೆತ್ತಿ, ಮುಖಕ್ಕೆ ಒಂದಿಷ್ಟು ಜಾಗ ಮಾಡಿಕೊಂಡು, ಉಸಿರೆಳೆದು, ಮುಂದೆ. ನಡುದಾರಿಯಲ್ಲಿ ಮೈ ಮರಗಟ್ಟಿತು. ಕಿರುಚಿದ, ಬಾಯಿಗೆ ಬಟ್ಟೆ ಬಂತು. ಪ್ಯಾಂಟು ಒದ್ದೆಯಾದದ್ದು ಅವನಿಗೆ ತಿಳಿಯಲೇ ಇಲ್ಲ. ಹಿಂದಿನಿಂದ ಅತ್ತೆಯ ದನಿ ಒಂದೇ ಸಮನೆ ಬರುತ್ತಿತ್ತು: “ಒಂದು ದಿನಾನಾದ್ರೂ ಒದ್ದೆ ಟವಲ್ ಒಣಹಾಕಿದ್ದೀರಾ? ಮದುವೆ ದಿನಾನೂ ಲೇಟಾಗಿ ಬಂದೋರು ನೀವು!” ಆ ಬೈಗುಳ ಕೇಳಿಸುವವರೆಗೆ ದಾರಿಯಿದೆ ಎಂದುಕೊಂಡು ಮತ್ತೆ ಕೈ ಚಾಚಿದ.

ಕೈಗೆ ಒಂದು ಪಾದ ಸಿಕ್ಕಿತು. ಹಿಡಿದ ತಕ್ಷಣ ಅದು ಅವನ ದವಡೆಗೆ ಒದೆಯಿತು.

“ಯಾರದು? ಯಾರು?”

“ನಾನು ಕಣೇ.”

“ರೀ...” ಅವಳ ದನಿ ನಡುಗುತ್ತಿತ್ತು. “ಬಾಗಿಲು ಯಾವ ಕಡೆ? ನಾನೇ ಕಟ್ಟಿದ್ದು, ನಂಗೇ ಗೊತ್ತಾಗ್ತಿಲ್ಲ. ಕಾಲು ಸಿಕ್ಕಿಕೊಂಡಿದೆ. ಅಲುಗಾಡಿದ್ರೆ ಬಟ್ಟೆ ಮುಖಕ್ಕೆ ಮುಚ್ಕೊಳ್ಳುತ್ತೆ ಅಂತ ಹಾಗೇ ಬಿದ್ಕೊಂಡಿದ್ದೆ.”

ಅವಳ ಇನ್ನೊಂದು ಕಾಲಿಗೆ ದೀಪದ ವೈರು ಸುತ್ತಿಕೊಂಡು ಬಿಗಿದಿತ್ತು. ಅವನು ತಡವಿ ತಡವಿ ಗಂಟು ಹುಡುಕಿದ, ಉಗುರು ಹಾಕಿ ಸಡಿಲಿಸಿದ. ಕಾಲು ಬಿಡಿಸಿಕೊಂಡವಳ ಮಣಿಕಟ್ಟು ಹಿಡಿದು, ಅತ್ತೆಯ ದನಿ ಬಂದತ್ತ ತಿರುಗಿದ. ಅವರಾಗಲೇ ಅಳಿಯನನ್ನು ಬಿಟ್ಟು ಮಗಳನ್ನು ಬಯ್ಯುತ್ತಿದ್ದರು. ದನಿ ಒಡೆದಿತ್ತು, ನಡುನಡುವೆ ಬಿಕ್ಕಳಿಕೆ. ಗಂಡ ಹೆಂಡತಿ ಹೊರಬಂದಾಗ ಮಾತು ಅರ್ಧಕ್ಕೇ ನಿಂತು, ಇಬ್ಬರನ್ನೂ ತಬ್ಬಿ ಜೋರಾಗಿ ಅತ್ತುಬಿಟ್ಟರು.

ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಕೆಲವರಿಗೆ ತರಚು ಗಾಯ, ಒಬ್ಬರ ಕೈ ಉಳುಕಿತು. ಗಿರಣಿಯ ಮೆಟ್ಟಿಲ ಮೇಲೆ ಊದಿದ ಕಾಲು ಚಾಚಿ ಕೂತ ಹೆಂಡತಿ ಪಕ್ಕಕ್ಕೆ ತಿರುಗಿದಳು. ಗಂಡ ಇನ್ನೂ ನಡುಗುತ್ತಿದ್ದ. ಎರಡೂ ಕೈ ಸೇರಿಸಿ ಹಿಡಿದರೂ ಲೋಟದ ನೀರು ತುಳುಕುತ್ತಿತ್ತು.

“ನಿಮಗೆ ಮೊದಲಿಂದಾನೂ ಹೀಗೇನಾ?” ಎಂದಳು.

ಅವನು ಬೀರುವಿನ ಕತೆ ಹೇಳಿದ.

“ನಂಗೆ ಹೇಳ್ಬಾರ್ದಿತ್ತಾ? ನನ್ನ ಕೆಲಸಾನೇ ನಿಮಗೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ. ಇಷ್ಟು ವರ್ಷ.”

ಅವಳು ಲೋಟ ಇಸಿದುಕೊಂಡು ಉಳಿದ ನೀರು ಕುಡಿದಳು.

ಆಮೇಲೆ ಬ್ಯಾಟರಿಯ ಮೇಲೆ ನಡೆಯುವ ಬ್ಲೋವರ್ ತರಿಸಿ, ಇನ್ನಷ್ಟು ಬಾಗಿಲು ಮಾಡಿಸಿ ‘ಒಡಲ’ನ್ನು ಮತ್ತೆ ನಿಲ್ಲಿಸಿದರು. ಜನ ಸಾಲುಗಟ್ಟಿ ಬಂದರು. ಡಾಕ್ಟರ್ ಒಳಗೆ ಹೋಗಲಿಲ್ಲ, ಅವಳೂ ಕರೆಯಲಿಲ್ಲ. ಈಗ ಮನೆಯಲ್ಲಿ ಇಬ್ಬರಿಗೂ ಹೊದಿಕೆ ಮುಖದ ಮೇಲೆ ಬರುವಂತಿಲ್ಲ. ಎಂಥ ಚಳಿಯಲ್ಲೂ ಕಿಟಕಿ ತೆರೆದೇ ಇರುತ್ತದೆ. ಅತ್ತೆ ಬಂದಾಗಲೆಲ್ಲ ಮಂಡಿಗೆ ಟವಲ್ ಸುತ್ತಿಕೊಂಡು, “ಇದೇನು ಮನೆಯೋ, ಬಯಲೋ?” ಎಂದು ಗೊಣಗುತ್ತಾರೆ. ಎದ್ದು ಹೋಗಿ ಕಿಟಕಿಯನ್ನು ಮಾತ್ರ ಮುಚ್ಚುವುದಿಲ್ಲ.