ಭಾನುವಾರದ ಬಳಸುದಾರಿ

ಚರ್ಚಿನ ಮೆಟ್ಟಿಲಿಳಿಯುವಾಗ ಲಾರ್ನ್ ಎಡವಿದ. ಶವಪೆಟ್ಟಿಗೆಯ ಎಡಗಡೆಯ ಮೊದಲ ಹಿಡಿಕೆ ಅವನ ಕೈಯಲ್ಲಿತ್ತು. ಪೆಟ್ಟಿಗೆ ಒಂದಿಷ್ಟು ವಾಲಿತು. ಉಳಿದ ಐವರು ತಡೆದು ನಿಂತು ಮತ್ತೆ ಸರಿಮಾಡಿಕೊಂಡರು.

“ನಿಧಾನ ಕಣೋ,” ಎಂದು ಹಿಂದಿನಿಂದ ಸ್ಟೆಫ್ಕಾ ಪಿಸುಗುಟ್ಟಿದಳು. “ನಮ್ಮ ಭಾವ ನಿಮ್ಮನ್ನೆಲ್ಲ ಬಸ್ಸಲ್ಲಿ ಒಂದಿನಾನೂ ಹೀಗೆ ಕುಲುಕಿಸಿಲ್ಲ.”

ಪೆಟ್ಟಿಗೆಯಲ್ಲಿದ್ದವನು ಹರಾಸಿಮ್ ಬೊದ್ನಾರ್. ಸಸ್ಕಾಚೆವಾನಿನ ಈ ಬಯಲಿನ ಜಲ್ಲಿರಸ್ತೆಗಳಲ್ಲಿ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ, ಆಮೇಲೆ ಅವೇ ರಸ್ತೆಗಳಲ್ಲಿ ಹಕ್ಕಿಗಳ ಮತ್ತು ಹಳೇ ಕೊಟ್ಟಿಗೆಗಳ ಫೋಟೊ ತೆಗೆಯುತ್ತ ಓಡಾಡಿದವನು. ಬಿತ್ತನೆ ಮುಗಿದ ವಾರವೇ ತೀರಿಕೊಂಡ. ಯಾರ ಕೆಲಸಕ್ಕೂ ಅಡ್ಡಿಯಾಗದಂತೆ ಕಾದಿದ್ದು ಸತ್ತ ಎಂದು ಊರು ಹೇಳಿತು. ನಮ್ಮ ಕಡೆ ಸತ್ತವರಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಊರಿನ ಪ್ರತಿ ಮನೆಯ ಗೋಡೆಯಲ್ಲೂ ಅವನು ತೆಗೆದ ಫೋಟೊ ಇದೆ, ಅವನದೇ ಒಂದು ಫೋಟೊ ಮಾತ್ರ ಎಲ್ಲಿಯೂ ಸಿಗಲಿಲ್ಲ. ಕೊನೆಗೆ ಬಸ್ಸಿನ ಲೈಸೆನ್ಸಿನಲ್ಲಿದ್ದುದನ್ನೇ ದೊಡ್ಡದು ಮಾಡಿಸಿ ಪೆಟ್ಟಿಗೆಯ ಪಕ್ಕ ಇಟ್ಟಿದ್ದರು. ಅದರಲ್ಲಿ ಅವನು ಕಳ್ಳನ ಹಾಗೆ ಕಾಣುತ್ತಿದ್ದ.

ಪೆಟ್ಟಿಗೆಯನ್ನು ಶವದ ಗಾಡಿಗೆ ಏರಿಸಿದ ಮೇಲೆ ಸ್ಟೆಫ್ಕಾ ಲಾರ್ನನ ತೋಳು ಹಿಡಿದು ಗೋಡೆಯ ಪಕ್ಕಕ್ಕೆ ಎಳೆದುಕೊಂಡು ಹೋದಳು. ಸತ್ತವನ ಹೆಂಡತಿಯ ತಂಗಿ ಅವಳು. ಊರಿನ ಯಾವ ಗುಟ್ಟೂ ಅವಳ ಕಣ್ಣು ತಪ್ಪಿ ಆಚೆ ಹೋದದ್ದಿಲ್ಲ.

“ಬೂಟು ನೋಡ್ಕೊ. ಪ್ಯಾಂಟಿಗೆಲ್ಲ ಹುಲ್ಲು. ಮಣ್ಣು ಮಾಡೋಕೆ ಬಂದಿದ್ದೀಯೋ, ಮಣ್ಣಲ್ಲಿ ಹೊರಳೋಕೋ?”

ಲಾರ್ನ್ ಸುತ್ತ ನೋಡಿದ. “ಸ್ಟೆಫ್ಕಾ ತೇತಾ, ಕೊಟ್ಟಿಗೆ ಹೋಯ್ತು.”

“ಯಾವ ಕೊಟ್ಟಿಗೆ?”

“ನಮ್ಮ ತಾತಂದು. ಹರಾಸಿಮ್ ವುಯ್ಕೊ ಫೋಟೊ ತೆಗೀತಿದ್ರಲ್ಲ, ಆ ಕೊಟ್ಟಿಗೆ. ಬೆಳಿಗ್ಗೆ ಇಲ್ಲಿಗೆ ಬರೋವಾಗ ನೋಡ್ತೀನಿ, ಬುಲ್ಡೋಜರ್ ಬಂದ್ಬಿಟ್ಟಿದೆ. ಓಡಿಹೋಗಿ ನಿಲ್ಲಿಸೋ ಹೊತ್ತಿಗೆ ಅರ್ಧ ಕೆಡವಿದ್ದ. ಅರ್ಧ ಬಿದ್ದಿದ್ದನ್ನ ಹಾಗೇ ಬಿಟ್ಟು ಹೋಗೋಕಾಗಲ್ಲ, ಯಾರ ತಲೆ ಮೇಲಾದ್ರೂ ಬೀಳತ್ತೆ ಅಂದ. ನಾನೇನು ಹೇಳ್ಲಿ?”

“ಬಾ ಅಂದೋರು ಯಾರು ಅವನ್ನ?”

“ನಾನೇ. ಆದ್ರೆ ಆಗಸ್ಟಲ್ಲಿ ಬಾ ಅಂದಿದ್ದೆ. ಹಕ್ಕಿ ಹೋದ್ಮೇಲೆ. ಪಕ್ಕದೂರಲ್ಲಿ ಕೆಲಸ ಮುಗೀತಂತೆ, ದಾರೀಲೇ ಸಿಕ್ತಂತೆ, ಮುಗಿಸೇ ಹೋಗೋಣ ಅಂತ ಬಂದನಂತೆ.”

ಇದರಲ್ಲಿ ಆ ಮನುಷ್ಯನ ತಪ್ಪೇನೂ ಇರಲಿಲ್ಲ. ನಮ್ಮ ಸೀಮೆಯಲ್ಲಿ ಯಂತ್ರದವರು ಬರುವುದೇ ಹಾಗೆ. ಯಾವತ್ತು ಬಾ ಅಂದಿದ್ದೆವು ಎನ್ನುವುದು ಲೆಕ್ಕಕ್ಕಿಲ್ಲ, ಹತ್ತಿರ ಬಂದಾಗ ಬಂದು ಮಾಡಿಕೊಟ್ಟು ಹೋಗುತ್ತಾರೆ. ಅದನ್ನು ಎಲ್ಲರೂ ಉಪಕಾರವೆಂದೇ ತಿಳಿಯುತ್ತಾರೆ.

ಸ್ಟೆಫ್ಕಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. “ಅಕ್ಕನಿಗೆ ಈಗ ಹೇಳ್ಬೇಡ. ಸ್ಮಶಾನ ಆ ಕಡೆ, ಕೊಟ್ಟಿಗೆ ಈ ಕಡೆ. ಊಟ ಮುಗೀಲಿ, ನಾಳೆ ನಾನೇ ಹೇಳ್ತೀನಿ.”

ಅಷ್ಟರಲ್ಲಿ ಗಾಡಿಯ ಹತ್ತಿರ ಪರಾಸ್ಕಾಳ ದನಿ ಕೇಳಿಸಿತು. ಸತ್ತವನ ಹೆಂಡತಿ. ಊರಿಗೆಲ್ಲ ಅವಳು ತೇತಾ, ಅಂದರೆ ಅತ್ತೆ; ಹರಾಸಿಮ್ ವುಯ್ಕೊ, ಅಂದರೆ ಮಾವ. ಶವದ ಗಾಡಿ ಓಡಿಸುವ ಗಾರ್ತ್‌ನ ಎದುರು ನಿಂತಿದ್ದಳು.

“ನೇರ ಹೋಗ್ಬೇಡ ಗಾರ್ತ್. ನಮ್ಮ ಭಾನುವಾರದ ದಾರೀಲಿ ಹೋಗು. ಲಾರ್ನ್ ಕೊಟ್ಟಿಗೆ ಬಳಸ್ಕೊಂಡು.”

ಗಾರ್ತ್ ಲಾರ್ನನ ಮುಖ ನೋಡಿದ. ಅವನಿಗೂ ಗೊತ್ತಿತ್ತು, ಆ ಹೊತ್ತಿಗೆ ಅಂಗಳದಲ್ಲಿ ಅರ್ಧ ಜನಕ್ಕೆ ಗೊತ್ತಿತ್ತು.

“ಅದು ಮಣ್ಣುರಸ್ತೆ ತೇತಾ. ಗಾಡಿ ಹೂತ್ಕೊಂಡ್ರೆ?”

“ಮಳೆ ಬಂದು ಎಷ್ಟು ದಿನ ಆಯ್ತು? ಊರೆಲ್ಲ ಆಕಾಶ ನೋಡ್ತಿದೆ, ನಿನಗೊಬ್ಬನಿಗೇ ಕೆಸರು ಕಾಣ್ತಿದ್ಯಾ?”

“ಅಕ್ಕಾ, ಊಟದ ಹಾಲ್‌ನಲ್ಲಿ ಪಿರೊಹಿ ಕಡುಬು ಬೇಯಿಸಿಟ್ಟಿದ್ದಾರೆ,” ಎಂದು ಸ್ಟೆಫ್ಕಾ ಓಡಿ ಬಂದಳು. “ಸುತ್ತಿ ಬರೋಷ್ಟರಲ್ಲಿ ಎಲ್ಲ ತಣ್ಣಗಾಗತ್ತೆ.”

“ತಣ್ಣಗಾದ್ರೆ ಬೆಣ್ಣೇಲಿ ಹುರೀರಿ. ಅವನಿಗೆ ಹುರಿದಿದ್ದೇ ಇಷ್ಟ.” ಪರಾಸ್ಕಾ ಕೈಚೀಲದಿಂದ ಕಾರಿನ ಕೀಲಿ ತೆಗೆದು ಚಾಚಿದಳು. “ಲಾರ್ನ್, ನಮ್ಮ ಕಾರು ನೀನು ಓಡಿಸು. ಇವತ್ತು ನಾನು ಅವನ ಸೀಟಲ್ಲಿ ಕೂರ್ತೀನಿ.”

ಗಂಡನನ್ನು ಕಳೆದುಕೊಂಡವಳು ಮಣ್ಣಿನ ದಿನ ಕೇಳಿದ್ದಕ್ಕೆ ಯಾರು ಇಲ್ಲ ಅನ್ನುತ್ತಾರೆ? ಲಾರ್ನ್ ಕೀಲಿ ತೆಗೆದುಕೊಂಡ.

*

ಲಾರ್ನ್ ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ಹರಾಸಿಮ್ ನಡುರಸ್ತೆಯಲ್ಲಿ ಬಸ್ಸು ನಿಲ್ಲಿಸಿದ್ದ. ಎಂಜಿನ್ ಆರಿಸಿ, ತುಟಿಯ ಮೇಲೆ ಬೆರಳಿಟ್ಟು ಮಕ್ಕಳ ಕಡೆ ತಿರುಗಿದ.

“ಕಿಟಕಿ ಇಳಿಸಿ, ಸದ್ದಿಲ್ದಂಗೆ. ಆ ಅಟ್ಟದ ಬಾಗಿಲು ನೋಡಿ.”

ಲಾರ್ನನ ತಾತನ ಕೊಟ್ಟಿಗೆ ಅದು. ಮೇಲಿನ ಹುಲ್ಲಟ್ಟದ ಬಾಗಿಲಲ್ಲಿ ಒಂದು ಕೊಂಬಿನ ಗೂಬೆ, ಪಕ್ಕದಲ್ಲಿ ಎರಡು ಮರಿ, ಮೂರೂ ಬಸ್ಸನ್ನೇ ನೋಡುತ್ತಿದ್ದವು. ಲಾರ್ನ್ ತನ್ನದೇ ಮನೆಯ ಕೊಟ್ಟಿಗೆಯನ್ನು ಅವತ್ತೇ ಮೊದಲ ಸಲ ನೋಡಿದಂತೆ ನೋಡಿದ. ಇಳಿಯುತ್ತೇನೆ ಎಂದು ಎದ್ದು ನಿಂತ.

“ಕೂತ್ಕೊ. ಗಾಡಿಗೆ ಹಕ್ಕಿ ಹೆದರಲ್ಲ. ಗಾಡಿಯಿಂದ ಇಳಿದೋರಿಗೆ ಹೆದರತ್ತೆ. ಎಂಜಿನ್ ಆರಿಸ್ಬೇಕು, ಯಾರೂ ಇಳೀಬಾರ್ದು. ಅಷ್ಟು ಮಾಡಿದ್ರೆ ನಾವು ಇಲ್ಲಿದ್ದೀವಿ ಅನ್ನೋದನ್ನೇ ಅವು ಮರೀತಾವೆ.”

ಅವತ್ತು ಎಲ್ಲರೂ ಶಾಲೆಗೆ ತಡವಾದರು. ಹೆಡ್ಮಾಸ್ತರು ಬೈದರು. ಹರಾಸಿಮ್ ತಲೆ ತಗ್ಗಿಸಿ ಬೈಸಿಕೊಂಡು, ಮಾರನೇ ದಿನ ಅದೇ ಜಾಗದಲ್ಲಿ ಮತ್ತೆ ನಿಲ್ಲಿಸಿದ.

*

ಬಸ್ಸಿನ ಕೆಲಸ ಬಿಟ್ಟ ದಿನ ಅವನು ಸ್ಟಿಯರಿಂಗನ್ನೂ ಬಿಟ್ಟ. “ಮೂವತ್ತು ವರ್ಷ ರಸ್ತೆ ನೋಡಿದ್ದಾಯ್ತು. ಇನ್ಮೇಲೆ ಅಕ್ಕಪಕ್ಕ ನೋಡ್ತೀನಿ, ನೀನು ಓಡಿಸು,” ಎಂದು ಹೆಂಡತಿಗೆ ಕೀಲಿ ಕೊಟ್ಟ. ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಇಬ್ಬರೂ ಹೊರಡುತ್ತಿದ್ದರು. ಪರಾಸ್ಕಾ ಹಿಟ್ಟಿನ ಚೀಲದ ಬಟ್ಟೆಯಲ್ಲಿ ಒಂದು ಪುಟ್ಟ ದಿಂಬು ಹೊಲಿದು ಒಣಬಟಾಣಿ ತುಂಬಿಕೊಟ್ಟಿದ್ದಳು. ಅದನ್ನು ಕಿಟಕಿಯ ಮೇಲಿಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿದರೆ ಕೈ ನಡುಗುತ್ತಿರಲಿಲ್ಲ. ಬೇಲಿಗೂಟದ ಮೇಲೆ ಹಾಡುವ ಹಳದಿ ಎದೆಯ ಹಕ್ಕಿ, ಹೊಂಡದ ಬಾತು, ಬಾಗಿಲು ಕಳಚಿದ ಮನೆ, ಮಂಡಿಯೂರಿದ ಕಾಳಿನ ಕಣಜ, ಅವನಿಗೆ ಎಲ್ಲವೂ ಬೇಕು.

“ನಿಂತಿರೋದು ಬಿಟ್ಟು ಬೀಳೋದನ್ನೇ ಹುಡುಕ್ತೀಯಲ್ಲ, ನೀನೇ ಒಂದು ಗೂಬೆ,” ಎನ್ನುತ್ತಿದ್ದಳು ಪರಾಸ್ಕಾ.

“ನಿಂತಿರೋದು ನಾಳೇನೂ ಇರತ್ತೆ ಕಣೆ.”

ದಾರಿಯ ಕೊನೆಗೆ ಯಾವಾಗಲೂ ಲಾರ್ನನ ಕೊಟ್ಟಿಗೆ. ಲಾರ್ನ್ ಅದನ್ನು ಕೆಡವಬೇಕೆಂದು ಹನ್ನೊಂದು ವರ್ಷದಿಂದ ಹೇಳುತ್ತಿದ್ದ. ಹೊಸ ಬಿತ್ತನೆಯ ಯಂತ್ರ ಅಗಲ, ಆ ಮೂಲೆಯಲ್ಲಿ ತಿರುಗುತ್ತಿರಲಿಲ್ಲ. ಕೆಡವುವ ಮಾತೆತ್ತಿದಾಗಲೆಲ್ಲ ಹರಾಸಿಮ್ ಬೇಲಿಯ ಹತ್ತಿರ ಹಾಜರು.

“ಗೂಬೆ ಮರಿ ಮಾಡಿದೆ ಕಣೋ. ಮೇ ಮುಗೀಲಿ.”

ಮೇ ಮುಗಿದರೆ ಕವಲುತೋಕೆ ಹಕ್ಕಿಗಳು. ದಕ್ಷಿಣದಿಂದ ಬಂದು ಅಟ್ಟದ ತೊಲೆಗಳಿಗೆ ಕೆಸರು ಮೆತ್ತಿ ಗೂಡು ಕಟ್ಟುತ್ತವೆ. ಅವು ಹೋಗುವುದು ಆಗಸ್ಟಿನ ಕೊನೆಗೆ. ಅಷ್ಟರಲ್ಲಿ ಸುಗ್ಗಿ. ಸುಗ್ಗಿ ಮುಗಿದರೆ ಹಿಮ.

“ವುಯ್ಕೊ, ಅದು ಖಾಲಿ ಇರೋ ದಿನ ಯಾವುದು ಅಂತ ನೀವೇ ಹೇಳ್ಬಿಡಿ,” ಎಂದು ಲಾರ್ನ್ ನಕ್ಕಿದ್ದ.

“ಖಾಲಿಯಾದ ದಿನ ನಾನೇ ಬಂದು ಹೇಳ್ತೀನಿ. ಅಲ್ಲೀವರೆಗೂ ಮುಟ್ಟಬಾರ್ದು. ಕೈ ಕೊಡು.”

ಲಾರ್ನ್ ಕೈ ಹಿಡಿದು ಮಾತು ಕೊಟ್ಟಿದ್ದ. ಆ ದಿನ ಬರಲೇ ಇಲ್ಲ.

ಈ ಚಳಿಗಾಲದಲ್ಲಿ ಹರಾಸಿಮ್ ಆಸ್ಪತ್ರೆ ಸೇರಿದ. ಮುದುಕ ಇನ್ನು ಆಗಸ್ಟಿಗೆ ಇರುವುದಿಲ್ಲ ಎಂದುಕೊಂಡೇ ಲಾರ್ನ್ ಬುಲ್ಡೋಜರಿನವನಿಗೆ ಮಾತು ಹಾಕಿದ್ದ. ಮೇ ಕೊನೆಯಲ್ಲಿ ನೋಡಲು ಹೋದಾಗ ಹರಾಸಿಮ್ ಬೇರೇನೂ ಕೇಳಲಿಲ್ಲ.

“ಬಂದ್ವಾ?”

“ಬಂದಿವೆ ವುಯ್ಕೊ. ಅಟ್ಟದ ತುಂಬ ಗಲಾಟೆ.”

“ಹಾಗಾದ್ರೆ ಆಗಸ್ಟ್‌ವರೆಗೂ ಚಿಂತೆ ಇಲ್ಲ,” ಎಂದು ಅವನು ಕಣ್ಣು ಮುಚ್ಚಿಕೊಂಡ.

*

ಮುಂದೆ ಶವದ ಗಾಡಿ, ಹಿಂದೆ ಪರಾಸ್ಕಾಳ ಹಳೇ ಕಾರು, ಅದರ ಹಿಂದೆ ಊರಿನ ಕಾರುಗಳ ಸಾಲು. ಧೂಳು ಒಂದೇ ಸಮ ಏಳುತ್ತಿತ್ತು. ಪರಾಸ್ಕಾ ಬಟಾಣಿಯ ದಿಂಬನ್ನು ಮಡಿಲಲ್ಲಿಟ್ಟುಕೊಂಡು ಗಂಡನ ಸೀಟಿನಲ್ಲಿ ಕೂತಿದ್ದಳು. ಸ್ಟೆಫ್ಕಾ ಹಿಂದೆ ಕೂತು ಜಪಸರ ತಿರುಗಿಸುತ್ತಿದ್ದಳು. ಒಂದು ಹೊಲದಲ್ಲಿ ಔಷಧಿ ಹೊಡೆಯುತ್ತಿದ್ದವನು ಟ್ರ್ಯಾಕ್ಟರ್ ನಿಲ್ಲಿಸಿ, ಇಳಿದು, ಟೋಪಿ ತೆಗೆದು ನಿಂತ.

“ಈ ಸೀಟಿಂದ ಎಲ್ಲ ಬೇರೆ ಥರ ಕಾಣತ್ತೆ,” ಎಂದಳು ಪರಾಸ್ಕಾ. “ಅವನು ‘ನೋಡು ನೋಡು’ ಅಂತಿದ್ದ, ನಾನು ರಸ್ತೆ ನೋಡೋಳು. ಒಂದು ಹಕ್ಕೀನೂ ಸರಿಯಾಗಿ ನೋಡ್ಲಿಲ್ಲ ಕಣೋ. ಅವನು ಫೋಟೊ ತೋರಿಸ್ತಾನಲ್ಲ ಅಂತ ಸುಮ್ನಿದ್ದೆ.”

ಲಾರ್ನನಿಗೆ ಬಾಯಲ್ಲಿ ಬಿಸಿ ತುಪ್ಪ ಇಟ್ಟಂತಾಗಿತ್ತು. ಕನ್ನಡಿಯಲ್ಲಿ ಸ್ಟೆಫ್ಕಾ ಬೇಡ ಎಂದು ತಲೆಯಾಡಿಸಿದಳು.

“ಅವನಿಗೆ ಒಂದು ಮಾತು ಕೊಟ್ಟಿದ್ದೀನಿ,” ಎಂದು ಪರಾಸ್ಕಾ ಮುಂದುವರಿಸಿದಳು. “ಕೊನೇ ದಿನ ಕೇಳ್ದ, ಹೋಗೋ ದಾರೀಲಿ ಗೂಡು ಎಷ್ಟಾಗಿವೆ ನೋಡ್ಕೊಂಡು ಹೋಗೋಣ ಅಂತ. ಆಯ್ತು ಅಂದೆ. ಬೇರೆ ಏನು ಕೊಡೋಕಾಗ್ತಿತ್ತು ನನ್ನ ಕೈಲಿ?”

ಕೊನೆಯ ತಿರುವಿಗೆ ಇನ್ನು ಸ್ವಲ್ಪವೇ ದೂರ ಇತ್ತು. ಅದಾದ ಮೇಲೆ ಒಂದು ಸಣ್ಣ ದಿಣ್ಣೆ, ದಿಣ್ಣೆ ಹತ್ತಿದರೆ ಎಲ್ಲವೂ ಕಾಣುತ್ತದೆ. ಬಯಲಿನಲ್ಲಿ ಏನನ್ನಾದರೂ ಎಲ್ಲಿ ಮುಚ್ಚಿಡುವುದು?

“ತೇತಾ, ಕೊಟ್ಟಿಗೆ ಇಲ್ಲ.”

ಸ್ಟೆಫ್ಕಾಳ ಜಪಸರ ನಿಂತಿತು.

“ಬೆಳಿಗ್ಗೆ ಕೆಡವಿಬಿಟ್ರು. ನಾನೇ ಹೇಳಿದ್ದೆ, ಆಗಸ್ಟ್‌ಗೆ ಅಂತ. ಅವನು ಈಗಲೇ ಬಂದ. ನಾನು ಹೋಗೋಷ್ಟರಲ್ಲಿ...” ಅವನು ಕಾರಿನ ವೇಗ ತಗ್ಗಿಸಿದ. “ಮುಟ್ಟಲ್ಲ ಅಂತ ಕೈ ಹಿಡಿದು ಮಾತು ಕೊಟ್ಟಿದ್ದೆ ತೇತಾ ನಾನು.”

ಪರಾಸ್ಕಾ ಅಳಲೂ ಇಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

“ಹಕ್ಕಿಗಳು?” ಎಂದಳು.

“ಗೊತ್ತಿಲ್ಲ.”

“ಗಾಡಿ ತಿರುಗಿಸೋಣ ಅಕ್ಕ,” ಎಂದಳು ಸ್ಟೆಫ್ಕಾ. “ಹಾರ್ನ್ ಹೊಡಿ ಲಾರ್ನ್, ಗಾರ್ತ್ ನಿಲ್ಲಿಸ್ತಾನೆ.”

“ಎಲ್ಲಿಗೆ ತಿರುಗಿಸ್ತೀಯ?” ಪರಾಸ್ಕಾಳ ದನಿ ಸಣ್ಣದಾಗಿತ್ತು. “ಮುಂದೆ ಅವನಿದ್ದಾನೆ. ನಡಿ.”

ಶವದ ಗಾಡಿ ದಿಣ್ಣೆ ಹತ್ತಿ ಇಳಿದು ನಿಂತಿತು. ಬಲಗಡೆ, ಹುಲ್ಲಿನ ನಡುವೆ, ಕೆಂಪು ಬಣ್ಣ ಮಾಸಿದ ಹಲಗೆಗಳ ಒಂದು ರಾಶಿ. ಮೇಲೆ ಚಾವಣಿಯ ತಗಡು ಅಡ್ಡ ಬಿದ್ದಿತ್ತು. ಪಕ್ಕದಲ್ಲಿ ಹಳದಿ ಯಂತ್ರ. ಸಾಲು ಬರುವುದನ್ನು ಕಂಡು ಅದನ್ನು ಓಡಿಸುವವನು ಯಂತ್ರ ಆರಿಸಿ, ಅದರ ಮೇಲೆಯೇ ಎದ್ದು ನಿಂತು, ಟೋಪಿಯನ್ನು ಎದೆಗೆ ಒತ್ತಿ ಹಿಡಿದಿದ್ದ. ಯಾರ ಮಣ್ಣು ಎಂದು ಅವನಿಗೆ ಗೊತ್ತಿರಲಿಲ್ಲ, ಪಾಪ.

ಮುಂದೆ ಗಾರ್ತ್ ಬಾಗಿಲು ತೆರೆದು ಒಂದು ಕಾಲು ಕೆಳಗಿಟ್ಟ. ಲಾರ್ನ್ ತನ್ನ ಬಾಗಿಲಿಗೆ ಕೈ ಹಾಕಿದ. ಪರಾಸ್ಕಾ ಅವನ ತೋಳು ಹಿಡಿದಳು.

“ಇಳೀಬೇಡ.”

“ತೇತಾ...”

“ಯಾರೂ ಇಳೀಬೇಡಿ ಅನ್ನು. ಎಂಜಿನ್ ಆರಿಸು.”

ಲಾರ್ನ್ ಕಿಟಕಿಯಿಂದ ಕೈ ಹೊರಗೆ ಹಾಕಿ ಗಾರ್ತ್‌ಗೆ ಸನ್ನೆ ಮಾಡಿದ. ಗಾರ್ತ್ ಕಾಲು ಒಳಗೆಳೆದುಕೊಂಡ. ಶವದ ಗಾಡಿಯ ಸದ್ದು ನಿಂತಿತು. ಹಿಂದಿನ ಕಾರು ಆರಿತು, ಅದರ ಹಿಂದಿನದು, ಆಮೇಲೆ ದಿಣ್ಣೆಯ ಆಚೆಯವರೆಗೂ ಒಂದೊಂದಾಗಿ. ಯಾರಿಗೂ ಹೇಳಿಕೊಡಬೇಕಾಗಲಿಲ್ಲ, ಮುಕ್ಕಾಲು ಪಾಲು ಜನ ಆ ಬಸ್ಸಿನ ಮಕ್ಕಳೇ. ಕಿಟಕಿಗಳು ಇಳಿದವು.

ಪರಾಸ್ಕಾ ತನ್ನ ಕಡೆಯ ಕಿಟಕಿ ಇಳಿಸಿ ಬಟಾಣಿಯ ದಿಂಬನ್ನು ಅದರ ಮೇಲಿಟ್ಟಳು. ಕ್ಯಾಮೆರಾ ಕೂತು ಕೂತು ಅದರ ನಡುವೆ ತಗ್ಗು ಬಿದ್ದಿತ್ತು. ಆ ತಗ್ಗಿನ ಮೇಲೆ ಅವಳು ಕೈಯಿಟ್ಟಳು.

ಗಾಳಿಯ ಸದ್ದು ಬಿಟ್ಟರೆ ಮತ್ತೇನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಹೊಂಡದ ಕಡೆಯಿಂದ ಒಂದು ಕವಲುತೋಕೆ ಬಂತು. ಅದರ ಹಿಂದೆ ಇನ್ನೊಂದು, ಆಮೇಲೆ ನಾಲ್ಕಾರು. ಎಲ್ಲದರ ಕೊಕ್ಕಿನಲ್ಲೂ ಒಂದೊಂದು ಉಂಡೆ ಹಸಿ ಕೆಸರು. ಅವು ಕೆಳಗಿನ ರಾಶಿಯ ಕಡೆ ನೋಡಲೇ ಇಲ್ಲ. ಅಟ್ಟದ ಬಾಗಿಲು ಇದ್ದ ಎತ್ತರಕ್ಕೆ ನೇರವಾಗಿ ಹಾರಿಬಂದು, ಬರಿಯ ಗಾಳಿಯಲ್ಲಿ ರೆಕ್ಕೆ ಬಡಿಯುತ್ತ ನಿಂತು, ಹಿಂದಿರುಗಿ, ಒಂದು ಸುತ್ತು ಹಾಕಿ, ಕೆಸರು ಕಚ್ಚಿಕೊಂಡೇ ಮತ್ತೆ ಅದೇ ಜಾಗಕ್ಕೆ ಬಂದವು.