ಬರಿಗೈ ನಡಿಗೆ

ರೋಗಿ ಬಾಗಿಲಿನಿಂದ ಮಂಚದವರೆಗೆ ನಡೆದು ಬರುವಷ್ಟರಲ್ಲಿ ಅವರ ಯಾವ ಸ್ನಾಯು ಸೋಮಾರಿಯಾಗಿದೆ ಎಂದು ಹೇಳಬಲ್ಲೆ ಎಂಬ ಜಂಬ ನನಗಿತ್ತು. ಫಿಜಿಯೋಥೆರಪಿ ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಗಿತ್ತು. ಆ ಜಂಬ ಇಳಿಸಿದವಳು ಕೊಡಿಗೇಹಳ್ಳಿಯ ಮುನಿಕೃಷ್ಣಮ್ಮ, ಅದೂ ಒಂದು ತಗಡಿನ ಬಕೆಟ್ಟಿನಿಂದ.

ಎಂಬತ್ತೈದನೇ ಇಸವಿಯ ಮಾತು. ನಮ್ಮ ಆಸ್ಪತ್ರೆಯ ಮೂಳೆ ಡಾಕ್ಟರು ಶಿವಶರಣಪ್ಪನವರು ವಯಸ್ಸಾದವರ ಸವೆದ ಸೊಂಟದ ಕೀಲು ತೆಗೆದು ಹೊಸದು ಕೂರಿಸುತ್ತಿದ್ದರು. ಒಳಗೆ ಹೋಗಲು ಅವರಿಗೆ ಎರಡು ದಾರಿ. ಒಂದು, ಹಿಂದಿನಿಂದ, ನಾವು ಕೂರುವ ಕಡೆಯಿಂದ ಕೊಯ್ಯುವುದು. ಇನ್ನೊಂದು, ಪಕ್ಕದಿಂದ ಕೊಯ್ದು, ನಡೆಯುವಾಗ ಸೊಂಟವನ್ನು ಹಿಡಿದು ನಿಲ್ಲಿಸುವ ಸ್ನಾಯುವನ್ನು ಅರ್ಧ ಬಿಡಿಸಿ, ಕೆಲಸ ಮುಗಿದ ಮೇಲೆ ಮತ್ತೆ ಹೊಲಿಯುವುದು. ಯಾವುದು ಮೇಲು ಎಂದು ದೊಡ್ಡ ದೊಡ್ಡ ಡಾಕ್ಟರುಗಳೇ ಕಿತ್ತಾಡುತ್ತಿದ್ದ ಕಾಲ. ಇವರು ಹದಿನಾರು ಜನರಿಗೆ ವಿಷಯ ತಿಳಿಸಿ, ಒಪ್ಪಿಸಿ, ಎಂಟು ಜನರಿಗೆ ಹಿಂದಿನಿಂದ, ಎಂಟು ಜನರಿಗೆ ಪಕ್ಕದಿಂದ ಮಾಡಿ ನನ್ನ ಕೈಗೊಂದು ನೋಟ್‌ಬುಕ್ ಕೊಟ್ಟರು. ತಿಂಗಳಿಗೊಮ್ಮೆ ಅವರವರ ಮನೆಗೆ ಹೋಗಿ ಹತ್ತು ಹೆಜ್ಜೆ ನಡೆಸಿ ನೋಡಬೇಕು. ಕೀಲು ಜಾರಿದೆಯೇ, ಕುಂಟು ಇದೆಯೇ, ನೋವಿದೆಯೇ, ಇಷ್ಟನ್ನು ಬರೆಯಬೇಕು.

ಹಿಂದಿನಿಂದ ಮಾಡಿಸಿಕೊಂಡವರು ಪೊಲೀಸಿನವರ ಹಾಗೆ ನೆಟ್ಟಗೆ ನಡೆದರು. ಆದರೆ ಇಬ್ಬರಿಗೆ ಕೀಲು ಜಾರಿತು. ಯಶವಂತಪುರದ ಪಿಳ್ಳಣ್ಣ ಮಣೆಯ ಮೇಲೆ ಕೂತು ಕಾಲು ತೊಳೆಯಲು ಬಗ್ಗಿದ್ದೇ ತಡ, ಟಕ್ ಎಂದಿತಂತೆ. ಪಕ್ಕದಿಂದ ಮಾಡಿಸಿಕೊಂಡವರಲ್ಲಿ ಒಬ್ಬರಿಗೂ ಜಾರಲಿಲ್ಲ. ಅವರಿಗೆ ಕುಂಟು ಬರಬಹುದು ಎಂದು ಓದಿದ್ದೆ. ನನ್ನ ನೋಟ್‌ಬುಕ್ಕಿನಲ್ಲಿ ಅದೂ ಇರಲಿಲ್ಲ. ಎಲ್ಲರಿಗಿಂತ ಚೆನ್ನಾಗಿ ನಡೆಯುತ್ತಿದ್ದವಳು ಮುನಿಕೃಷ್ಣಮ್ಮ. ಅರವತ್ತೆಂಟು ವರ್ಷ, ಎಡ ಸೊಂಟಕ್ಕೆ ಆಪರೇಷನ್. ನಾನು ಹೋದಾಗಲೆಲ್ಲ ಎಡಗೈಯಲ್ಲಿ ತುಂಬಿದ ಬಕೆಟ್ ಹಿಡಿದು, ತೊಟ್ಟಿಯಿಂದ ಕರಿಬೇವಿನ ಗಿಡಕ್ಕೆ ನೀರು ಹೊರುತ್ತಿರುತ್ತಿದ್ದಳು.

“ನೋಡ್ಕಳವ್ವಾ, ಎಂಗ್ ನಡೀತೀನಿ,” ಎನ್ನುವಳು. ನಾನು ‘ಕುಂಟು ಇಲ್ಲ, ಭಾರವನ್ನೂ ಹೊರುತ್ತಾರೆ’ ಎಂದು ಬರೆದು, ಕೆಳಗೊಂದು ಗೆರೆಯನ್ನೂ ಎಳೆಯುವೆ.

ಅಷ್ಟರಲ್ಲಿ ನನ್ನ ತಾಯಿಯ ಸರದಿ ಬಂತು. ಅಮ್ಮಿಯ ಹೆಸರು ಶಹರ್ಬಾನು. ಗಂಗಾನಗರದ ಮನೆಯಲ್ಲಿ ನಾವಿಬ್ಬರೇ. ಎರಡು ವರ್ಷದಿಂದ ಎಡ ಸೊಂಟದ ನೋವು ತಿನ್ನುತ್ತ, ನನಗೆ ಕೇಳಿಸಬಾರದೆಂದು ಸೆರಗು ಕಚ್ಚಿಕೊಂಡೇ ಕೂತು ಏಳುತ್ತಿದ್ದಳು. ಡಾಕ್ಟರು ಎಕ್ಸ್‌ರೇ ನೋಡಿದರು. ಅವರು ಕಲಬುರ್ಗಿ ಕಡೆಯವರು.

“ಎರಡೂ ಕಡಿಂದ ನನಗ ಬರ್ತದ್ರಿ,” ಎಂದರು. “ನೋಟ್‌ಬುಕ್ ನಿಮ್ಮ ಕೈಯಾಗದ. ಯಾವುದು ಅಂತ ನೀವೇ ಹೇಳ್ರಿ, ನಜ್ಮುನ್ನೀಸಾ.”

ಅಮ್ಮಿಯನ್ನು ಕೇಳಿದೆ. ಮನೆಯಲ್ಲಿ ನಮ್ಮದು ದಖನಿ ಮಾತು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. “ಓದಿದವಳು ನೀನು, ನೀನೇ ನೋಡು. ಲಂಗ್ಡಿ ಮಾತ್ರ ನಕ್ಕೊ,” ಎಂದಳು. ಲಂಗ್ಡಿ ಎಂದರೆ ಕುಂಟಿ, ನಕ್ಕೊ ಎಂದರೆ ಬೇಡ. ಅವಳ ಅಕ್ಕ ಮಲ್ಕಾಳ ಕಾಲು ಹುಟ್ಟಿನಿಂದ ಸರಿಯಿರಲಿಲ್ಲ. ಸಾಯುವವರೆಗೂ ಬೀದಿಯವರು ಅವಳನ್ನು ಲಂಗ್ಡಿ ಮಲ್ಕಾ ಎಂದೇ ಕರೆದರು. ಅಮ್ಮಿ ಅದನ್ನು ಕೇಳಿಕೊಂಡೇ ಬೆಳೆದವಳು.

ಹಾಗೆಂದು ಹಿಂದಿನಿಂದ ಮಾಡಿಸೋಣವೆಂದರೆ, ಅಮ್ಮಿಯನ್ನು ನೆಲದಿಂದ ಎಬ್ಬಿಸುವುದು ಯಾರಿಂದಲೂ ಆಗದ ಕೆಲಸ. ಅಷ್ಟು ನೋವಿನಲ್ಲೂ ಅಕ್ಕಿ ಆರಿಸುವುದು, ಈರುಳ್ಳಿ ಹೆಚ್ಚುವುದು, ನಮಾಜು, ನಿದ್ದೆ, ನನ್ನ ಜೊತೆ ಜಗಳ, ಎಲ್ಲವೂ ನೆಲದ ಮೇಲೆಯೇ. ಕುರ್ಚಿಯಲ್ಲಿ ಕೂರಿಸಿದರೆ ಕಚೇರಿಗೆ ಅರ್ಜಿ ಹಿಡಿದು ಬಂದವಳ ಹಾಗೆ ತುದಿಯಲ್ಲಿ ಕೂರುತ್ತಾಳೆ. ಹಿಂದಿನಿಂದ ಮಾಡಿಸಿದರೆ ತಿಂಗಳೊಳಗೆ ಕೀಲು ಜಾರಿಸಿಕೊಳ್ಳುವುದು ಖಂಡಿತ. ಪಕ್ಕದಿಂದಾದರೆ ಜಾರುವುದೂ ಇಲ್ಲ, ಕುಂಟೂ ಇಲ್ಲ ಎಂದು ನನ್ನ ಕೈಬರಹವೇ ಹೇಳುತ್ತಿತ್ತು. “ಪಕ್ಕದಿಂದ” ಎಂದೆ. ಆಪರೇಷನ್ ಮುಂದಿನ ಗುರುವಾರಕ್ಕೆ ಗೊತ್ತಾಯಿತು.

ಭಾನುವಾರ ಕೊಡಿಗೇಹಳ್ಳಿಗೆ ಹೋದೆ. ಅದು ನೋಟ್‌ಬುಕ್ಕಿನ ದಿನವಲ್ಲ. ನನಗೆ ಒಳಗೊಳಗೇ ಪುಕುಪುಕು. ಒಮ್ಮೆ ಮುನಿಕೃಷ್ಣಮ್ಮನ ನಡಿಗೆ ನೋಡಿ ಧೈರ್ಯ ತಂದುಕೊಳ್ಳೋಣ ಎನ್ನಿಸಿತ್ತು. ನನ್ನನ್ನು ದೂರದಿಂದ ನೋಡಿದವಳೇ ಬಕೆಟ್ ಎತ್ತಿಕೊಂಡಳು. ನೆಟ್ಟಗೆ ನಡೆದು ಬಂದಳು. ನನ್ನ ಕಣ್ಣಮುಂದೆ ಅಮ್ಮಿಯೇ ಇದ್ದಳೋ ಏನೋ, ಎಂದೂ ಇಲ್ಲದವಳು ಅಂದು, “ಕೊಡಿ ಅಜ್ಜಿ, ನಾನು ಹಾಕ್ತೀನಿ,” ಎಂದು ಬಕೆಟ್ ಇಸಿದುಕೊಂಡೆ.

“ಬ್ಯಾಡ ಬ್ಯಾಡ,” ಎನ್ನುತ್ತಲೇ ಅವಳು ನಾಲ್ಕು ಹೆಜ್ಜೆ ನನ್ನ ಹಿಂದೆ ಬಂದಳು. ಎಡಗಾಲು ಊರಿದಾಗಲೆಲ್ಲ ಮೈಯೆಲ್ಲ ಎಡಕ್ಕೆ ವಾಲಿತು.

ನಾನು ಅಲ್ಲೇ ನಿಂತೆ. ಸೊಂಟದ ಸ್ನಾಯು ಸೋತಿದ್ದರೆ ಮೈ ಆ ಕಡೆಗೆ ವಾಲುತ್ತದೆ; ಅದೇ ಕಡೆಯ ಕೈಯಲ್ಲಿ ಭಾರ ಹಿಡಿದರೆ ಸ್ನಾಯುವಿನ ಹೊರೆ ಇಳಿದು ನಡಿಗೆ ನೆಟ್ಟಗಾಗುತ್ತದೆ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಅವಳು ನೀರು ಹೊರುತ್ತ ಕಂಡುಕೊಂಡಿದ್ದಳು.

ಸಿಟ್ಟು ನೆತ್ತಿಗೇರಿತು. “ಆರು ತಿಂಗಳು ನನ್ನ ಕಣ್ಣಿಗೆ ಮಣ್ಣೆರಚಿದ್ರಲ್ಲ ಅಜ್ಜಿ. ಯಾಕ್ ಹಿಂಗ್ ಮಾಡಿದ್ರಿ?”

“ಆ ಡಾಕ್ಟ್ರು ನನ್ ಕಾಲ್ನ ಅವ್ರ ತೊಡೆ ಮ್ಯಾಲೆ ಇಟ್ಕಂಡು ಒಲಿಗೆ ಬಿಚ್ಚುದ್ರು ಕಣವ್ವಾ,” ಎಂದಳು. “ನಮ್ಮಂಥೋರ್ ಕಾಲ್ನ ಯಾರ್ ಮುಟ್ತಾರೆ ಅಂಗೆ? ಅವ್ರ ಕೆಲ್ಸ ಕೆಟ್ಟೋಯ್ತು ಅಂತ ನೀನು ಬರ್ಕಂಡೋದ್ರೆ ಅವ್ರಿಗೆ ಕೆಟ್ಟೆಸ್ರು ಬರಾಕಿಲ್ವಾ?”

“ಗುರುವಾರ ನಮ್ಮಮ್ಮನ್ನ ಮಲಗಿಸ್ತಾರೆ. ನಿಮ್ಮ ನಡಿಗೆ ನೋಡ್ಕೊಂಡೇ ನಾನು ಹೂಂ ಅಂದಿದ್ದು.”

ಅವಳು ಜಗಲಿಯ ಮೇಲೆ ಕುಸಿದಳು. “ಇನ್ನೊಬ್ರ ಕಾಲಿಗ್ ಬರೋ ಇಸ್ಯ ಅಂತ ಗೊತ್ತಿರ್ನಿಲ್ಲ ಮಗಾ,” ಎಂದು ಎದ್ದು, ನಾನು ಕೇಳದೆಯೇ, ಬರಿಗೈಯಲ್ಲಿ ತೊಟ್ಟಿಯವರೆಗೆ ವಾಲುತ್ತ ಹೋಗಿ ವಾಲುತ್ತ ಬಂದಳು. “ಈಗ ಬರ್ಕೊ. ನೋವು ಮಾತ್ರ ಇಲ್ಲ, ನಿಮ್ಮಮ್ಮಂಗೆ ಏಳು. ಮೊದ್ಲು ಮಗ್ಗುಲಾಗಾಕೂ ಆಗ್ತಿರ್ನಿಲ್ಲ. ಈಗ ವಸಿ ವಾಲ್ತೀನಿ, ಅಷ್ಟೆಯಾ.”

ನನ್ನ ಸಿಟ್ಟು ಅಲ್ಲಿಗೇ ಕರಗಿತು. ಅವಳ ಮೇಲಲ್ಲ, ಆರು ತಿಂಗಳು ಆ ಮುದುಕಿಯ ಕೈಯಿಂದ ಒಮ್ಮೆಯೂ ಬಕೆಟ್ ಇಸಿದುಕೊಳ್ಳದ ನನ್ನ ಮೇಲೆ ನನಗೇ ಬೇಸರವಾಯಿತು, ನಾಚಿಕೆಯೂ ಆಯಿತು.

ಮರುದಿನದಿಂದ, ಪಕ್ಕದಿಂದ ಮಾಡಿಸಿಕೊಂಡ ಉಳಿದ ಏಳು ಜನರ ಮನೆಗೂ ಹೋಗಿ ಬರಿಗೈಯಲ್ಲಿ ನಡೆಸಿದೆ. ಒಬ್ಬರು ಮೊಮ್ಮಗುವನ್ನು ಕೆಳಗಿಳಿಸಿದರು, ಇನ್ನೊಬ್ಬರು ಗೋಡೆ ಬಿಟ್ಟರು. ಒಟ್ಟು ಎಂಟರಲ್ಲಿ ನಾಲ್ವರು ವಾಲಿದರು. ಡಾಕ್ಟರ ಮುಂದೆ ನೋಟ್‌ಬುಕ್ ಇಟ್ಟು ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಪುಟವನ್ನು ಎರಡು ಸಲ ಓದಿದರು.

“ನನ್ನ ಹೊಲಿಗಿ ಸಡಲ ಆಗ್ಯಾವ,” ಎಂದರು. “ಆ ಸ್ನಾಯು ಮೂಳಿಗಿ ಇನ್ನೂ ಬಿಗಿ ಹೊಲೀಬೇಕಿತ್ತು. ಯಾರೂ ಹೇಳದಿದ್ರ ನನಗ ಹ್ಯಾಂಗ ತಿಳೀತದ್ರಿ?” ಆಮೇಲೆ ಮೆಲ್ಲಗೆ, “ಬಿಗಿ ಹೊಲಿದರೂ ಕುಂಟು ಬರೂದಿಲ್ಲಂತ ನಾ ಮಾತು ಕೊಡಲಾರೆ. ನಿಮ್ಮ ತಾಯಿಯವರಿಗೆ ಏನ್ ಮಾಡೂಣು?” ಎಂದರು.

ಬುಧವಾರ ಸಂಜೆ ನೆಲದ ಮೇಲೆ ಅಮ್ಮಿಯ ಎದುರು ಕೂತು ಬಕೆಟ್ಟಿನ ಕಥೆ ಹೇಳಿದೆ. ಅವಳು ನಕ್ಕಳು. ನಗು ಮುಗಿದ ಮೇಲೆ, ಪಕ್ಕದಿಂದಾದರೆ ಅರ್ಧಕ್ಕರ್ಧ ಜನ ಕುಂಟುತ್ತಾರೆ, ಹಿಂದಿನಿಂದಾದರೆ ನೆಟ್ಟಗೆ ನಡೆಯಬಹುದು ಆದರೆ ನೆಲ ಬಿಡಬೇಕು, ಬಿಡದಿದ್ದರೆ ಜಾರಬಹುದು ಎಂದು ಬಿಡಿಸಿ ಹೇಳಿದೆ. ಅಮ್ಮಿ ಮೊರದ ಅಕ್ಕಿಯಲ್ಲಿ ಬೆರಳಾಡಿಸುತ್ತ ಕೂತಳು.

“ನೀನು ಯಾವುದು ಅಂತೀಯ?”

“ಪಕ್ಕ. ನೀನು ನೆಲ ಬಿಡೋಳಲ್ಲ.”

“ಸರಿ,” ಎಂದಳು. ನನ್ನ ಮುಖ ನೋಡಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಮುನಿಕೃಷ್ಣಮ್ಮ ಬಸ್ಸು ಹತ್ತಿ ವಾರ್ಡಿಗೆ ಬಂದು, ಬೇಯಿಸಿದ ಗೆಣಸು ಕೊಟ್ಟು, ಮಂಚದ ಸುತ್ತ ಬರಿಗೈಯಲ್ಲಿ ನಡೆದು ತೋರಿಸಿ ಹೋದಳು. ಮೂರು ತಿಂಗಳು ಅಮ್ಮಿ ಬಲಗೈಯಲ್ಲಿ ಕೋಲು ಹಿಡಿದು ನಡೆದಳು. ಕೋಲಿದ್ದರೆ ಯಾರೂ ವಾಲುವುದಿಲ್ಲ; ಹಾಗಾಗಿ ನನಗೆ ಏನೂ ತಿಳಿಯುವಂತಿರಲಿಲ್ಲ. ಕೋಲು ಬಿಡಿಸುವ ದಿನವನ್ನು ನಾನೇ ಒಂದು ವಾರ ಮುಂದೆ ಹಾಕಿದೆ. ಅವಳಿಗಿಂತ ನನಗೇ ಹೆಚ್ಚು ಭಯ.

ಆ ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ನೋಟ್‌ಬುಕ್ ಹಿಡಿದು ನಿಂತು, “ಅಮ್ಮೀ, ಕೋಲಿಲ್ಲದೆ ಬಾ,” ಎಂದು ಕರೆದೆ. ಬಾತ್‌ರೂಮಿನ ಕಡೆಯಿಂದ ಬಂದಳು. ನೆಟ್ಟಗೆ, ತಲೆಯೆತ್ತಿಕೊಂಡು. ಎಡಗೈಯಲ್ಲಿ ತುಂಬಿದ ಬಕೆಟ್.

“ಬಕೆಟ್ ಕೊಡು,” ಎಂದೆ.

“ಇರು, ಗಿಡಕ್ಕೆ ನೀರು ಹಾಕ್ಬೇಕು.”

“ನಮ್ಮನೇಲಿ ಗಿಡ ಎಲ್ಲಿದೆ ಅಮ್ಮೀ?”

ಅವಳು ಅಂಗಳವನ್ನೊಮ್ಮೆ ನೋಡಿದಳು. ಕಲ್ಲು ಚಪ್ಪಡಿಯ ಮೇಲೆ ನನ್ನ ಚಪ್ಪಲಿ ಬಿಟ್ಟರೆ ಏನೂ ಇರಲಿಲ್ಲ. “ನೀನು ಆರಿಸಿದ್ದಲ್ವಾ,” ಎಂದಳು ಸಣ್ಣ ದನಿಯಲ್ಲಿ. “ನೀನು ಆರಿಸಿದ್ದು ತಪ್ಪಾಯ್ತು ಅಂತ ನಿನಗೆ ಅನ್ನಿಸ್ಬಾರ್ದು.”

ನಾನು ಬಕೆಟ್ ಇಸಿದುಕೊಂಡೆ. ಅವಳು ಸೆರಗು ಸರಿಮಾಡಿಕೊಂಡು ಹತ್ತು ಹೆಜ್ಜೆ ನಡೆದಳು. ಪ್ರತಿ ಎಡ ಹೆಜ್ಜೆಗೂ ಸ್ವಲ್ಪ ವಾಲಿದಳು. ಮುನಿಕೃಷ್ಣಮ್ಮನಷ್ಟಲ್ಲ, ಆದರೆ ವಾಲಿದಳು. ನನಗೆ ಅಳು ತಡೆಯಲಾಗಲಿಲ್ಲ. ಗೋಡೆಯ ಹತ್ತಿರ ತಿರುಗಿ ನಿಂತು ನನ್ನನ್ನೇ ನೋಡಿದಳು.

“ಬರ್ಕೊಂಡೆಯಾ?”

“ಹೂಂ.”

“ಏನಂತ?”

“ಕುಂಟು ಇದೆ ಅಂತ.”

“ನೋವಿಲ್ಲ ಅಂತಾನೂ ಬರಿ. ನಿನ್ನ ಡಾಕ್ಟರಿಗೆ ಪೂರ್ತಿ ಗೊತ್ತಾಗ್ಲಿ,” ಎಂದಳು. ನಾನು ಬರೆಯುತ್ತಿರುವಂತೆಯೇ, ಗೋಡೆಗೆ ಕೈಕೊಟ್ಟು, ಬೇಡ ಎನ್ನಲು ನನಗೆ ಸಮಯವನ್ನೇ ಕೊಡದೆ, ಎರಡು ವರ್ಷದಲ್ಲಿ ಮೊದಲ ಸಲ ಸೆರಗು ಕಚ್ಚದೆ ನೆಲದ ಮೇಲೆ ಕೂತಳು. ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿ ನನ್ನನ್ನೂ ಕರೆದಳು.